ಲೇ ಜಡ್ಜ್

"ಅಮ್ಮಾ, ಮೂರನೇ ರೌಂಡಲ್ಲಿ ನಮ್ಗೆ ಲೇ ಜಡ್ಜ್ ಸಿಕ್ಬಿಟ್ರು" ಅಂತ ಮಗಳು ಕಾರು ಹತ್ತುತ್ತಲೇ ಮುಖ ಊದಿಸಿಕೊಂಡು ಹೇಳಿದಾಗ ನನಗೆ ಕೇಳಿಸಿದ್ದು ಬೈಗುಳ. ನಮ್ಮ ಕಿವಿಗೆ ‘ಲೇ’ ಅಂದರೆ ಇನ್ನೇನು! "ಜಡ್ಜಿಗೆ ಲೇ ಅಂತೀಯೇನೇ?" ಅಂದೆ. ಅವಳು ತಲೆ ಚಚ್ಚಿಕೊಂಡು ವಿವರಿಸಿದಳು. ಡಿಬೇಟಿನ ಒಳಮರ್ಮ ಗೊತ್ತಿಲ್ಲದ, ಸಾಮಾನ್ಯವಾಗಿ ಯಾರದೋ ಅಪ್ಪನೋ ಅಮ್ಮನೋ ಆಗಿರುವ ತೀರ್ಪುಗಾರರು ಲೇ ಜಡ್ಜ್. ಪ್ರತಿಯೊಂದು ವಾದವನ್ನೂ ಕಾಗದಕ್ಕಿಳಿಸಿ ಲೆಕ್ಕ ಹಾಕುವವರು ಟೆಕ್ ಜಡ್ಜ್. ಅತ್ತಲೂ ಅಲ್ಲ ಇತ್ತಲೂ ಅಲ್ಲ ಅನ್ನುವವರಿಗೆ ‘ಫ್ಲೇ’ ಅಂತ ಇನ್ನೊಂದು ಹೆಸರು. ಮೂರು ವಾರ ಕಳೆಯುವಷ್ಟರಲ್ಲಿ ನಾನೇ ಯಾರದೋ ಮಕ್ಕಳ ಪಾಲಿನ ‘ಲೇ’ ಆಗಿದ್ದೆ.

ಅಮೆರಿಕದ ಹೈಸ್ಕೂಲ್ ಡಿಬೇಟ್ ನಡೆಯುವುದೇ ಪೋಷಕರ ಶನಿವಾರಗಳ ಮೇಲೆ. ಶಾಲೆ ಇಷ್ಟು ತಂಡ ಕಳಿಸಿದರೆ ಇಷ್ಟು ತೀರ್ಪುಗಾರರನ್ನೂ ಕಳಿಸಬೇಕು. ನಮ್ಮ ಶಾಲೆಯ ಮಕ್ಕಳಿಗೆ ನಾವು ತೀರ್ಪು ಕೊಡುವಂತಿಲ್ಲ, ಬೇರೆ ಶಾಲೆಯವರ ಪಂದ್ಯಕ್ಕೆ ಕೂರಬೇಕು. ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳುವಾಗ ಒಳಗೊಳಗೇ ಸ್ವಲ್ಪ ಗತ್ತೂ ಇತ್ತು, ಸುಳ್ಳೇಕೆ ಹೇಳಲಿ. ಶಾಲೆಯಲ್ಲಿದ್ದಾಗ ‘ಮಾನ್ಯ ತೀರ್ಪುಗಾರರೇ’ ಎಂದು ಶುರುಮಾಡಿ, ಮೇಷ್ಟರು ಬರೆದುಕೊಟ್ಟಿದ್ದನ್ನು ಉಸಿರು ಬಿಡದೆ ಒಪ್ಪಿಸಿ ಚರ್ಚಾಸ್ಪರ್ಧೆಯಲ್ಲಿ ಎರಡನೇ ಬಹುಮಾನ ತಗೊಂಡವಳು ನಾನು. ಯಾರು ಚೆನ್ನಾಗಿ ಮಾತಾಡಿದರು ಅಂತ ಹೇಳುವುದರಲ್ಲಿ ಏನಿದೆ?

ಮೊದಲ ಪಂದ್ಯ 2023ರ ನವೆಂಬರಿನಲ್ಲಿ. ಪಬ್ಲಿಕ್ ಫೋರಂ ಅನ್ನುವ ವಿಭಾಗ, ಇಬ್ಬರಿಗೆದುರು ಇಬ್ಬರು. ನವೆಂಬರ್-ಡಿಸೆಂಬರಿಗೆ ಕೊಟ್ಟಿದ್ದ ವಿಷಯ: ಫೆಡರಲ್ ಸರ್ಕಾರ ವಿದ್ಯಾರ್ಥಿಗಳ ಫೆಡರಲ್ ಸಾಲವನ್ನೆಲ್ಲ ಮನ್ನಾ ಮಾಡಬೇಕು. ಆ ಜೂನಿನಲ್ಲಷ್ಟೇ ಸುಪ್ರೀಂ ಕೋರ್ಟ್ ಬೈಡನ್ ಅವರ ಸಾಲ ಮನ್ನಾ ಯೋಜನೆಯನ್ನು ತಳ್ಳಿಹಾಕಿತ್ತು, ವಿಷಯ ಬಿಸಿಬಿಸಿಯಾಗಿತ್ತು. ಸಾಲ ಮನ್ನಾ! ಇದರ ಬಗ್ಗೆ ಕನ್ನಡದವಳಿಗೆ ಇನ್ನೊಬ್ಬರು ಹೇಳಿಕೊಡಬೇಕೆ? ಮೇಲಾಗಿ ನಾನು ಎಂಎಸ್‌ಗೆಂದು ಬ್ಯಾಂಕಿನಿಂದ ಸಾಲ ತೆಗೆದು ಏಳು ವರ್ಷ ಕಂತು ಕಟ್ಟಿದವಳು. ಅದು ಫೆಡರಲ್ ಸಾಲವೇನೂ ಅಲ್ಲ, ಆದರೂ ಹೊಟ್ಟೆಯೊಳಗಿನ ಉರಿ ಉರಿಯೇ.

ಪರ ವಹಿಸಿದವರು ಅಂಕಿಅಂಶ ತಂದಿದ್ದರು. ಸುಮಾರು 1.6 ಟ್ರಿಲಿಯನ್ ಡಾಲರ್ ಸಾಲ, ನಾಲ್ಕು ಕೋಟಿಗೂ ಮಿಕ್ಕಿದ ಸಾಲಗಾರರು, ಮನೆ ಕೊಳ್ಳಲಾಗದೆ ಸಂಸಾರ ಹೂಡಲಾಗದೆ ಕೂತವರು. ವಿರೋಧದವರು ಹೇಳಿದ್ದು ಒಂದೇ: ಮನ್ನಾ ಮಾಡಿದರೆ ಕಾಲೇಜುಗಳು ಶುಲ್ಕ ಏರಿಸುತ್ತವೆ. ಪರದವರು, ಮನ್ನಾ ಇಲ್ಲದೆಯೂ ಶುಲ್ಕ ಏರುತ್ತಲೇ ಬಂದಿದೆಯಲ್ಲ ಅಂದರು. ಅದಕ್ಕೆ ಆ ಕಡೆಯಿಂದ ಉತ್ತರ ಬರಲಿಲ್ಲ. ನನ್ನ ತಲೆಯಲ್ಲಿ ಮಾತ್ರ ಉತ್ತರ ಕುದಿಯುತ್ತಿತ್ತು. ಕಾಲೇಜಿನ ಮೆಟ್ಟಿಲೇ ಹತ್ತದ ಪ್ಲಂಬರ್ ಕಟ್ಟಿದ ತೆರಿಗೆಯಲ್ಲಿ ವಕೀಲರ ಸಾಲ ತೀರಿಸುವುದೇ? ವಿರೋಧದವರನ್ನು ಗೆಲ್ಲಿಸಿದೆ. ಕಾರಣ ಬರೆಯುವ ಜಾಗದಲ್ಲಿ ಪ್ಲಂಬರನ್ನೂ ಬರೆದೆ.

ತೀರ್ಪುಗಾರರ ಕೋಣೆಗೆ ಬಂದು ಕಾಫಿ ಹಿಡಿದು ಕೂತಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಹೇಗಾಯಿತು ಅಂತ ಕೇಳಿದರು. ಬಹಳ ವರ್ಷದಿಂದ ಕೋಚ್ ಆಗಿರುವವರು. ನಾನು ಉತ್ಸಾಹದಿಂದ ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಪ್ಲಂಬರ್ ವಿಷಯ ಎತ್ತಿದ್ದು ಯಾರು?"

ಕಾಗದ ತಿರುವಿ ನೋಡಿದೆ. ಅದರಲ್ಲಿ ಇದ್ದದ್ದು ‘ನೀಲಿ ಕೋಟು, ಚೆನ್ನಾಗಿ ಮಾತಾಡ್ತಾನೆ’, ‘ಕನ್ನಡಕ, ಅವಸರ ಜಾಸ್ತಿ’ ಇಂಥವು. ಪ್ಲಂಬರನ್ನು ಆ ಕೋಣೆಗೆ ಕರೆತಂದವಳು ನಾನೇ. ವಾದ ಮಾಡಲು ನಾಲ್ಕು ಮಕ್ಕಳಿದ್ದರು, ಐದನೆಯವಳಾಗಿ ನಾನೂ ಮಾಡಿ, ನನಗೆ ನಾನೇ ಗೆಲುವು ಕೊಟ್ಟುಕೊಂಡಿದ್ದೆ. ತೀರ್ಪು ಬರೆದ ಹಾಳೆ, ಅಂದರೆ ಬ್ಯಾಲಟ್, ಆಗಲೇ ಹೋಗಿಯಾಗಿತ್ತು.

ಆ ಹಿರಿಯರು ವೇಳಾಪಟ್ಟಿಯ ಹಿಂಬದಿಯಲ್ಲಿ ಎಂಟು ಮನೆಗಳ ಉದ್ದುದ್ದ ಗೆರೆ ಎಳೆದು ಫ್ಲೋ, ಅಂದರೆ ವಾದಗಳ ಟಿಪ್ಪಣಿ, ಬರೆಯುವುದನ್ನು ತೋರಿಸಿಕೊಟ್ಟರು. ಎಂಟು ಏಕೆಂದರೆ ಪಬ್ಲಿಕ್ ಫೋರಂನಲ್ಲಿ ಭಾಷಣಗಳು ಎಂಟು. ಮೊದಲು ಎರಡೂ ಕಡೆಯವರು ತಮ್ಮ ವಾದ ಮಂಡಿಸಲು ನಾಲ್ಕು ನಾಲ್ಕು ನಿಮಿಷ, ಆಮೇಲೆ ಖಂಡನೆಗೆ ನಾಲ್ಕು ನಾಲ್ಕು, ಸಮ್ಮರಿಗೆ ಮೂರು ಮೂರು, ಕಡೆಯ ಫೈನಲ್ ಫೋಕಸ್‌ಗೆ ಎರಡೆರಡು. ನಡುನಡುವೆ ಒಬ್ಬರನ್ನೊಬ್ಬರು ಪ್ರಶ್ನಿಸುವ ಮೂರು ನಿಮಿಷದ ಕ್ರಾಸ್‌ಫೈರ್ ಮೂರು ಸಲ. ಪರದವರಿಗೊಂದು ಬಣ್ಣದ ಪೆನ್ನು, ವಿರೋಧದವರಿಗೊಂದು. ಒಂದು ವಾದಕ್ಕೆ ಪಕ್ಕದ ಮನೆಯಲ್ಲಿ ಉತ್ತರ ಬಂದರೆ ಬಾಣದ ಗುರುತು. ಬರದಿದ್ದರೆ ಆ ಮನೆ ಖಾಲಿ. ಆ ಖಾಲಿ ಜಾಗವನ್ನು ಮಕ್ಕಳು ತುಂಬಬೇಕೇ ಹೊರತು ತೀರ್ಪುಗಾರರು ತುಂಬುವ ಹಾಗಿಲ್ಲ. ಕೊನೆಯ ಎರಡು ನಿಮಿಷದಲ್ಲಿ ಯಾರಾದರೂ ಹೊಸ ವಾದ ತೆಗೆದರೆ, ಅದು ಎಷ್ಟೇ ಚೆನ್ನಾಗಿರಲಿ, ಪೆನ್ನು ಕೆಳಗಿಡಬೇಕು. ಎದುರಾಳಿಗೆ ಉತ್ತರಿಸಲು ಅವಕಾಶವೇ ಉಳಿದಿರುವುದಿಲ್ಲ.

ಡಿಸೆಂಬರಿನಲ್ಲಿ ಇದು ಪರೀಕ್ಷೆಗೆ ಬಂತು. ಅದೇ ವಿಷಯ. ವಿರೋಧದಲ್ಲಿ ಇಬ್ಬರು ಹುಡುಗರು, ಸೂಟು, ಟೈ, ರೇಡಿಯೋದಲ್ಲಿ ವಾರ್ತೆ ಓದಿಸಬಹುದಾದಂಥ ದನಿ. ಪರದಲ್ಲಿ ಇಬ್ಬರು ಹುಡುಗಿಯರು. ಅವರಲ್ಲೊಬ್ಬಳ ಕೈಯಲ್ಲಿದ್ದ ಹಾಳೆ ಎಷ್ಟು ನಡುಗುತ್ತಿತ್ತೆಂದರೆ ಮೂರನೇ ಸಾಲಿನ ಡೆಸ್ಕಿನಲ್ಲಿದ್ದ ನನಗೆ ಅದರ ಸಪ್ಪಳ ಕೇಳಿಸುತ್ತಿತ್ತು. ಅವಳು ಹೇಳಿದ್ದಿಷ್ಟು: ಸಾಲ ಮಾಡಿದವರಲ್ಲಿ ಡಿಗ್ರಿ ಮುಗಿಸದೆ ಅರ್ಧಕ್ಕೆ ಬಿಟ್ಟವರೂ ಇದ್ದಾರೆ. ಅವರಿಗೆ ಡಿಗ್ರಿಯ ಸಂಬಳವೂ ಇಲ್ಲ, ಸಾಲ ಮಾತ್ರ ಉಳಿದಿದೆ. ಕಂತು ತಪ್ಪಿದರೆ ಕೋರ್ಟಿನ ಆದೇಶವೂ ಇಲ್ಲದೆ ಸಂಬಳದ ಶೇ. 15ರವರೆಗೆ ಮುರಿದುಕೊಳ್ಳುವ ಅಧಿಕಾರ ಸರ್ಕಾರಕ್ಕಿದೆ. ಹುಡುಗರು ಖಂಡನೆಯಲ್ಲಿ ಹಣದುಬ್ಬರದ ಬಗ್ಗೆ ಸೊಗಸಾಗಿ ಮಾತಾಡಿದರು, ಇದನ್ನು ಮುಟ್ಟಲಿಲ್ಲ. ಸಮ್ಮರಿಯಲ್ಲೂ ಮುಟ್ಟಲಿಲ್ಲ. ಹುಡುಗಿ ಸಮ್ಮರಿಯಲ್ಲಿ ಮತ್ತೆ ಅದನ್ನೇ ಎತ್ತಿದಳು. ಅವಳ ಜೊತೆಗಾತಿ ಕೊನೆಯ ಎರಡು ನಿಮಿಷದಲ್ಲಿ, "ಹಣದುಬ್ಬರ ಎಲ್ಲರನ್ನೂ ಸ್ವಲ್ಪ ಸ್ವಲ್ಪ ಹಿಂಡುತ್ತದೆ, ಇದು ಕೆಲವರ ಬದುಕನ್ನೇ ನಿಲ್ಲಿಸುತ್ತದೆ. ಎರಡೂ ನಿಜವೆಂದರೂ ಮೊದಲು ತಡೆಯಬೇಕಾದ್ದು ಇದನ್ನು" ಅಂದಳು. ವೇಯಿಂಗ್ ಅನ್ನುವುದು ಇದಕ್ಕೇ. ನಮ್ಮ ತಕ್ಕಡಿ ಯಾಕೆ ತೂಗುತ್ತದೆ ಅಂತ ತೀರ್ಪುಗಾರರಿಗೆ ಬಿಡಿಸಿ ಹೇಳುವುದು. ಹುಡುಗರು ತಕ್ಕಡಿಯನ್ನೇ ತಂದಿರಲಿಲ್ಲ.

ನನ್ನ ಹೊಟ್ಟೆಯುರಿ ಹುಡುಗರ ಕಡೆ. ಕಿವಿಯೂ ಅವರ ಕಡೆಗೇ. ಕಾಗದದಲ್ಲಿ ಮಾತ್ರ ಆ ಮೂರು ಮನೆ ಖಾಲಿ. ಹುಡುಗಿಯರನ್ನು ಗೆಲ್ಲಿಸಿದೆ. ಸ್ಪೀಕರ್ ಪಾಯಿಂಟ್ ಬೇರೆ ಲೆಕ್ಕ, 30ಕ್ಕೆ ಇಷ್ಟು ಅಂತ ಒಬ್ಬೊಬ್ಬರಿಗೆ. ಹುಡುಗರಿಗೆ 29, 28.5, ಹಾಳೆ ನಡುಗಿದವಳಿಗೆ 27. ಕಡಿಮೆ ಅಂಕದವರು ಗೆದ್ದರೆ ಅದಕ್ಕೆ ಲೋ-ಪಾಯಿಂಟ್ ವಿನ್ ಅಂತಾರೆ. ಬಟನ್ ಒತ್ತುವ ಮುನ್ನ ಫ್ಲೋವನ್ನು ಇನ್ನೆರಡು ಸಲ ನೋಡಿದೆ.

ಕ್ರಾಸ್‌ಫೈರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೋಷಕರಿಗೆಲ್ಲ ಬಹಳ ಇಷ್ಟವಾಗುವ ಭಾಗ ಅದು, ನಲ್ಲಿಕಟ್ಟೆಯ ಜಗಳದಷ್ಟೇ ಖುಷಿ ಕೊಡುತ್ತದೆ. ಅಲ್ಲಿ ಎದುರಾಳಿ ಒಪ್ಪಿಕೊಂಡ ಮಾತನ್ನು ಮುಂದಿನ ಭಾಷಣದಲ್ಲಿ ಎತ್ತಿ ಹೇಳದಿದ್ದರೆ ನನ್ನ ಲೆಕ್ಕಕ್ಕೆ ಅದು ಗಾಳಿಗೆ ಹೋದಂತೆ. ಸಾಕ್ಷ್ಯದ ವಿಷಯ ಹಾಗಲ್ಲ. ಒಂದು ಪಂದ್ಯದಲ್ಲಿ ಹುಡುಗನೊಬ್ಬ ‘ವರದಿಯ ಪ್ರಕಾರ ಹೀಗೆ ಆಗುತ್ತದೆ’ ಎಂದು ಓದಿದ. ಎದುರಿನವಳು ಆ ಪುಟ ಕೇಳಿ ತರಿಸಿಕೊಂಡು, ‘ಆಗಬಹುದು ಅಂತಿದೆ, ಆಗುತ್ತದೆ ಅಂತಿಲ್ಲ’ ಎಂದು ತೋರಿಸಿದಳು. ಇಡೀ ಬೆಳಿಗ್ಗೆಯಲ್ಲಿ ನಾನು ಕೇಳಿದ ಅತ್ಯುತ್ತಮ ಹತ್ತು ಸೆಕೆಂಡು ಅದು.

ಹೇಗೆ ಮಾತಾಡಿದರು ಅನ್ನುವುದಕ್ಕೆ ಬೆಲೆಯೇ ಇಲ್ಲವೇ ಅಂದರೆ, ಇದೆ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರುವ ಮಗು ನನ್ನ ಪೆನ್ನಿಗೆ ಪುಣ್ಯ ಕಟ್ಟಿಕೊಳ್ಳುತ್ತದೆ. ಪಾಲಿಸಿ ಡಿಬೇಟ್ ಅನ್ನುವ ಇನ್ನೊಂದು ವಿಭಾಗದಲ್ಲಿ ನಿಮಿಷಕ್ಕೆ 300ಕ್ಕೂ ಹೆಚ್ಚು ಪದ ಉದುರಿಸುವವರಿದ್ದಾರೆ, ಅದಕ್ಕೆ ಸ್ಪ್ರೆಡಿಂಗ್ ಅಂತ ಹೆಸರು. ಆ ಕಡೆ ನನ್ನನ್ನು ಹಾಕಬೇಡಿ ಅಂತ ಬೇಡಿಕೊಂಡಿದ್ದೇನೆ. ಆದರೆ ದನಿಗೆ ಅಂಕ ಕೊಡುವಾಗ ಒಂದು ಭಯ ಕಾಡುತ್ತದೆ. ಮಗಳ ಬ್ಯಾಲಟ್ ಒಂದರಲ್ಲಿ ‘ಸ್ವಲ್ಪ ನಗುನಗುತ್ತಾ ಮಾತಾಡಿದರೆ ಒಳ್ಳೆಯದು’ ಅಂತ ಒಂದೇ ಸಾಲಿತ್ತು. ಸೋತ ಪಂದ್ಯ. ಯಾವ ವಾದದಲ್ಲಿ ಸೋತಳು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಎದುರಿದ್ದ ಹುಡುಗ ನಕ್ಕಿದ್ದನೇ ಅಂತ ಕೇಳಿದೆ. "ಅವ್ನು ಟೇಬಲ್ ಕುಟ್ಟಿ ಮಾತಾಡ್ದ ಅಮ್ಮಾ, ಅವ್ನಿಗೆ ‘ಆತ್ಮವಿಶ್ವಾಸ ಚೆನ್ನಾಗಿದೆ’ ಅಂತ ಬರ್ದಿದ್ರು." ಅಂದಿನಿಂದ ಮುಖ, ದನಿ, ಉಚ್ಚಾರದ ಬಗ್ಗೆ ಏನಾದರೂ ಬರೆಯುವ ಮುಂಚೆ ಇದೇ ಮಾತನ್ನು ಎದುರಿನ ಕುರ್ಚಿಯವರಿಗೂ ಬರೆಯುತ್ತಿದ್ದೆನೇ ಅಂತ ಕೇಳಿಕೊಳ್ಳುತ್ತೇನೆ. ಇಪ್ಪತ್ತು ವರ್ಷ ಆಫೀಸಿನಲ್ಲಿ ನನ್ನ ಉಚ್ಚಾರಕ್ಕೆ ‘ಪಾರ್ಡನ್?’ ಕೇಳಿಸಿಕೊಂಡವಳು ಇಷ್ಟಾದರೂ ಮಾಡಬೇಕಲ್ಲ.

ನನ್ನ ಉದ್ಯೋಗ ಸಾಫ್ಟ್‌ವೇರ್ ಟೆಸ್ಟಿಂಗ್. ‘ಈ ಪುಟ ಚೆನ್ನಾಗಿಲ್ಲ’ ಅಂತ ಬಗ್ ಬರೆದರೆ ಡೆವಲಪರ್‌ಗಳು ನನ್ನನ್ನು ಹುರಿದು ಮುಕ್ಕುತ್ತಾರೆ. ಎಲ್ಲಿ, ಯಾವ ಹೆಜ್ಜೆಯಲ್ಲಿ, ಏನಾಗಬೇಕಿತ್ತು, ಏನಾಯಿತು, ನಾಲ್ಕೂ ಬೇಕು. ಬ್ಯಾಲಟ್ಟನ್ನೂ ಈಗ ಹಾಗೇ ಬರೆಯುತ್ತೇನೆ. ‘ಗುಡ್ ಜಾಬ್’ ಬದಲು, ‘ನಿಮ್ಮ ಎರಡನೇ ವಾದವನ್ನು ಸಮ್ಮರಿಯಲ್ಲಿ ಬಿಟ್ಟುಬಿಟ್ಟಿರಿ, ಆದ್ದರಿಂದ ಫೈನಲ್ ಫೋಕಸ್‌ನಲ್ಲಿ ಅದನ್ನು ಪರಿಗಣಿಸಲಿಲ್ಲ’ ಅಂತ. ಮಗು ಸೋಮವಾರ ಅದನ್ನು ಹಿಡಿದು ಏನಾದರೂ ಮಾಡಬಹುದು.

ಭಾಷಣದ ವಿಭಾಗಗಳಿಗೆ ಒಮ್ಮೊಮ್ಮೆ ಎತ್ತಿಹಾಕುತ್ತಾರೆ. ಅಲ್ಲಿ ಗೆಲುವು-ಸೋಲು ಇಲ್ಲ, ಕೋಣೆಯಲ್ಲಿರುವ ಐದಾರು ಮಕ್ಕಳನ್ನು ಒಂದು, ಎರಡು, ಮೂರು ಅಂತ ಸಾಲಾಗಿ ನಿಲ್ಲಿಸಬೇಕು. ಎಕ್ಸ್‌ಟೆಂಪ್‌ನಲ್ಲಿ ಮೂರು ಪ್ರಶ್ನೆ ಎತ್ತಿ, ಒಂದನ್ನು ಆರಿಸಿ, 30 ನಿಮಿಷದಲ್ಲಿ ತಯಾರಾಗಿ ಏಳು ನಿಮಿಷ ಮಾತಾಡಬೇಕು. ಅಲ್ಲಿ ನಾನು ನೋಡುವುದು, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟರೋ ಇಲ್ಲ ಗೊತ್ತಿದ್ದ ಪ್ರಶ್ನೆಗೆ ಕೊಟ್ಟರೋ ಅಂತ. ಡ್ಯುಯೋ ಅಂತ ಇನ್ನೊಂದಿದೆ, ಇಬ್ಬರು ಸೇರಿ ಅಭಿನಯಿಸುವುದು. ವೇಷವಿಲ್ಲ, ಪರಿಕರವಿಲ್ಲ, ಪೀಠಿಕೆ ಮುಗಿದ ಮೇಲೆ ಪರಸ್ಪರ ಮುಟ್ಟುವಂತಿಲ್ಲ, ನೋಡುವಂತೆಯೂ ಇಲ್ಲ. ಒಬ್ಬ ಎದುರಿಗೆ ನೋಡುತ್ತಲೇ ಚೆಂಡು ಎಸೆದಂತೆ ಮಾಡಿದ. ಇನ್ನೊಬ್ಬ, ಅವನೂ ನಮ್ಮನ್ನೇ ನೋಡುತ್ತಾ, ಸರಿಯಾದ ಕ್ಷಣಕ್ಕೆ ಹಿಡಿದ. ಇಲ್ಲದ ಚೆಂಡಿನ ಹಿಂದೆ ನನ್ನ ಕತ್ತು ತಿರುಗಿತು. ಅವರಿಗೆ ಒಂದನೇ ಸ್ಥಾನ ಕೊಡಲು ಇನ್ನೇನು ಕಾರಣ ಬರೆಯಲಿ ಅಂತ ಐದು ನಿಮಿಷ ಒದ್ದಾಡಿದೆ.

ಅಂದಹಾಗೆ ಇಲ್ಲಿ ಇದನ್ನೆಲ್ಲ ‘ಫೊರೆನ್ಸಿಕ್ಸ್’ ಅಂತಲೂ ಕರೆಯುತ್ತಾರೆ. ಈ ಸ್ಪರ್ಧೆಗಳ ರಾಷ್ಟ್ರೀಯ ಸಂಸ್ಥೆ 1925ರಲ್ಲಿ ಶುರುವಾದದ್ದೇ ನ್ಯಾಷನಲ್ ಫೊರೆನ್ಸಿಕ್ ಲೀಗ್ ಅಂತ. 2014ರಲ್ಲಿ ಹೆಸರು ಬದಲಾಗಿ ನ್ಯಾಷನಲ್ ಸ್ಪೀಚ್ ಅಂಡ್ ಡಿಬೇಟ್ ಅಸೋಸಿಯೇಷನ್ ಆಯಿತು. ಬದಲಾಗಿದ್ದೇ ಒಳ್ಳೆಯದು. ಮೊಮ್ಮಗಳು ಫೊರೆನ್ಸಿಕ್ಸ್ ಸೇರಿದ್ದಾಳೆ ಅಂದಾಗ ನಮ್ಮತ್ತೆ, "ಆ ಹೆಣ ಕುಯ್ಯೋ ಕೆಲಸ ಅವಳಿಗ್ಯಾಕೆ?" ಅಂತ ಫೋನಿನಲ್ಲೇ ಗಾಬರಿಯಾಗಿದ್ದರು.

ಹೋದ ಸಲ ನಾಕೌಟ್ ಸುತ್ತಿಗೆ ಮೂವರ ಪೀಠದಲ್ಲಿ ಕೂರಿಸಿದರು. ಅಕ್ಕಪಕ್ಕ ಇಬ್ಬರು ಕೋಚ್‌ಗಳು, ಇಬ್ಬರೂ ಟೆಕ್. ಫಲಿತಾಂಶ 2-1, ಆ ಒಂದು ನಾನು. ಗೆದ್ದವರ ಕಡೆಗೆ ಯಾಕೆ ಮತ ಅಂತ ಅವರಿಬ್ಬರೂ ವಿವರಿಸುವಾಗ ನನ್ನ ಕಾಗದ ನೋಡಿಕೊಂಡೆ. ನಾನು ಖಾಲಿ ಅಂದುಕೊಂಡಿದ್ದ ಮನೆ ಅವರ ಕಾಗದದಲ್ಲಿ ತುಂಬಿತ್ತು. ಗೆದ್ದ ತಂಡದ ಹುಡುಗಿಯೊಬ್ಬಳು ಉತ್ತರ ಕೊಟ್ಟಿದ್ದಳು, ಒಂದೇ ವಾಕ್ಯದಲ್ಲಿ. ಆ ಹೊತ್ತಿಗೆ ನಾನು ನೀಲಿ ಪೆನ್ನು ಇಟ್ಟು ಕೆಂಪು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದೆ. ನನ್ನ ಸರದಿ ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಹುಡುಗಿ ಗೆದ್ದಿದ್ದಳು, ಆದ್ದರಿಂದ ನಕ್ಕಳು.

ಪೀಠದಲ್ಲಿ ಹೀಗೆ ಒಂಟಿಯಾಗುವವರಿಗೆ ಇಲ್ಲಿಯ ಮಕ್ಕಳು ಸ್ಕ್ವಿರಲ್ ಅಂತಾರೆ, ಅಳಿಲು. ಮನೆಗೆ ಬರುವಾಗ ಕಾರಿನಲ್ಲಿ ಮಗಳಿಗೆ ನಗು ತಡೆಯಲಾಗಲಿಲ್ಲ. "ಅಜ್ಜಿ ಹೇಳ್ತಾ ಇದ್ದ ಅಳಿಲು ಸೇವೆ ಇದೇನಾ ಅಮ್ಮಾ?"

ಶನಿವಾರ ಬೆಳಿಗ್ಗೆ ಏಳಕ್ಕೆ ಮತ್ತೆ ಹಾಜರಿ. ನಾಲ್ಕು ಬಣ್ಣ ಒಂದರಲ್ಲೇ ಬರುವ ಟಿಕ್-ಟಿಕ್ ಪೆನ್ನು ಕೊಂಡುಕೊಂಡಿದ್ದೇನೆ, ಮುಚ್ಚಳವಿಲ್ಲದ್ದು.