ಚಕ್ಕುಲಿ ಕಂಬಳದಲ್ಲಿ ರಕ್ತಪಿಶಾಚಿಗಳ ಮಾತು

ಚೌತಿ ಹತ್ತಿರ ಬಂತೆಂದರೆ ಶಿರಸಿ, ಸಿದ್ದಾಪುರ ಕಡೆಯ ಹಳ್ಳಿಗಳಲ್ಲಿ ಚಕ್ಕುಲಿ ಕಂಬಳ ಶುರು. ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ, ಈ ಕಂಬಳದಲ್ಲಿ ಕೋಣ ಓಡುವುದಿಲ್ಲ. ಒಂದು ಮನೆಯ ಚಕ್ಕುಲಿ ಮಾಡಿಕೊಡಲು ಅಕ್ಕಪಕ್ಕದ ಮನೆಯವರೆಲ್ಲ ಬಂದು ಕೂರುತ್ತಾರೆ. ನಾಳೆ ಅವರ ಮನೆಗೆ ನಾವು ಹೋಗಬೇಕು. ಒರಳಿನಲ್ಲಿ ಒತ್ತುವ ಚಕ್ಕುಲಿ ಅಲ್ಲ, ಹಿಟ್ಟನ್ನು ಬೆರಳಲ್ಲೇ ತಿರುಚುತ್ತಾ ಸುತ್ತುವ ಕೈಚಕ್ಕುಲಿ. ಹಿಟ್ಟು ಗಟ್ಟಿ ಇರುತ್ತದೆ, ಬೆರಳಿಗೆ ಬಲ ಬೇಕು. ಹಾಗಾಗಿ ಗಂಡಸರೂ ಸಾಲಾಗಿ ಕೂರುತ್ತಾರೆ. ಕೈಗೆಲ್ಲ ಹಿಟ್ಟು, ಮೊಬೈಲು ಮುಟ್ಟೋಕೆ ಆಗಲ್ಲ. ಮಾತೇ ಗತಿ.

ಈ ಸಲ ತವರುಮನೆಯ ಕಂಬಳದಲ್ಲಿ ಮಾತು ಹೊರಳಿದ್ದು ಅಮೆರಿಕದ ರಕ್ತಪಿಶಾಚಿಗಳ ಕಡೆಗೆ. ಕಾರಣ ಅಣ್ಣನ ಮಗಳು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಬೆಳಿಗ್ಗೆಯಿಂದ ಕಿಂಡಲ್ ಹಿಡಿದು ಮೂಲೆಯಲ್ಲಿ ಕೂತವಳು ಎಷ್ಟು ಕರೆದರೂ "ಇನ್ನೊಂದೇ ಅಧ್ಯಾಯ" ಅನ್ನುತ್ತಿದ್ದಳು. ಕೊನೆಗೆ ಚಿಕ್ಕಮ್ಮನೇ ಹೋಗಿ ಎಬ್ಬಿಸಿಕೊಂಡು ಬಂದಳು. "ಅಂಥದ್ದೇನಿದೆ ಅದರಲ್ಲಿ? ಇಲ್ಲಿ ಕೂತು ಹೇಳು, ನಾವೂ ಕೇಳ್ತೀವಿ." (ಮನೆಯಲ್ಲಿ ನಾವಾಡುವುದು ಹವ್ಯಕ ಕನ್ನಡ. ಎಲ್ಲರಿಗೂ ತಿಳಿಯಲಿ ಅಂತ ಇಲ್ಲಿ ಸ್ವಲ್ಪ ತಿದ್ದಿ ಬರೆಯುತ್ತಿದ್ದೇನೆ.)

ಚಿಕ್ಕಮ್ಮನ ಬಗ್ಗೆ ಹೇಳಬೇಕು. ವಾರಪತ್ರಿಕೆಗಳ ಧಾರಾವಾಹಿ ಓದಿ ಬೆಳೆದವಳು. ಯಂಡಮೂರಿಯವರ 'ತುಳಸಿದಳ' ಕನ್ನಡಕ್ಕೆ ಬಂದಾಗ ರಾತ್ರಿ ಹೊತ್ತು ಬಚ್ಚಲಿಗೆ ಒಬ್ಬಳೇ ಹೋಗಲು ಹೆದರುತ್ತಿದ್ದಳಂತೆ. ಈಗಲೂ ಮಾಟ, ಮಂತ್ರ, ಪ್ರೇತ ಇರುವ ಕಥೆ ಅಂದರೆ ಕಿವಿ ನೆಟ್ಟಗಾಗುತ್ತದೆ. ಆದರೆ ಅವಳದೊಂದು ತಕರಾರು ಇತ್ತು. ಅಂಥ ಕಥೆಗಳಲ್ಲಿ ಹೆಣ್ಣು ಅಂದರೆ ಒಂದೋ ಮಾಟಕ್ಕೆ ಸಿಕ್ಕಿ ನರಳುವವಳು, ಇಲ್ಲಾ ಬಿಳಿ ಸೀರೆ ಉಟ್ಟು ಹೆದರಿಸುವವಳು. ಬಿಡಿಸುವವನು ಯಾವಾಗಲೂ ಗಂಡಸು, ಮಂತ್ರವಾದಿಯೋ ಡಾಕ್ಟರೋ.

ಹುಡುಗಿ ಹೇಳಿದ್ದು ಪೆಟ್ರೀಷಿಯಾ ಬ್ರಿಗ್ಸ್ ಬರೆದ ಮರ್ಸಿ ಥಾಮ್ಸನ್ ಸರಣಿಯ ಕಥೆ. ಮೊದಲ ಪುಸ್ತಕ 'ಮೂನ್ ಕಾಲ್ಡ್' ಬಂದದ್ದು 2006ರಲ್ಲಿ. ಮರ್ಸಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಊರಲ್ಲಿ ಗ್ಯಾರೇಜು ನಡೆಸುತ್ತಾಳೆ. ಓದಿದ್ದು ಇತಿಹಾಸ, ಹೊಟ್ಟೆಪಾಡಿಗೆ ಫೋಕ್ಸ್‌ವ್ಯಾಗನ್ ಕಾರುಗಳ ರಿಪೇರಿ. ಬೇಕೆಂದಾಗ ಕಯೋಟಿಯಾಗಿ ಬದಲಾಗುತ್ತಾಳೆ. ಕಯೋಟಿ ಅಂದರೆ ನಮ್ಮ ನರಿಯ ಹತ್ತಿರದ ಸಂಬಂಧಿ. ಸುತ್ತಮುತ್ತ ಇರುವವರೆಲ್ಲ ತೋಳವಾಗುವ ಮನುಷ್ಯರು, ಅವಳಿಗಿಂತ ಎಷ್ಟೋ ಪಟ್ಟು ಬಲಶಾಲಿಗಳು.

"ಅಂದ್ರೆ ಎಲ್ಲರಿಗಿಂತ ಶಕ್ತಿ ಕಡಿಮೆ ಇರೋಳು ನಾಯಕಿನಾ?" ಅಂತ ಅವಳ ತಮ್ಮ ನಕ್ಕ. ಅವನಿಗೆ ಬೇಕಾದ್ದು 2025ರಲ್ಲಿ ಬಂದ ಮಲಯಾಳಂ ಸಿನಿಮಾ 'ಲೋಕಃ' ಥರದ್ದು. ಕೇರಳದ ಹಳೆಯ ಯಕ್ಷಿ ಕಥೆಯ ನೀಲಿ ಇವತ್ತಿನ ಬೆಂಗಳೂರಿಗೆ ಬಂದು ಹೊಡೆದಾಡಿದರೆ ಹೇಗಿರತ್ತೆ ಅನ್ನುವ ಸಿನಿಮಾ ಅದು. "ಅವಳು ಒಂದು ಕೊಟ್ಟರೆ ಎದ್ದೇಳೋಕಾಗಲ್ಲ, ಅದು ಗಟ್ಟಿಗಿತ್ತಿ ಅಂದ್ರೆ" ಅಂದ.

ಅಕ್ಕ ಬಿಡಲಿಲ್ಲ. "ಯಾರೂ ಸೋಲಿಸೋಕಾಗದೇ ಇರೋಳ ಕಥೆಯಲ್ಲಿ ನೀನು ಹೆದರೋದು ಯಾವಾಗ? ಮರ್ಸಿಗೆ ಪ್ರತಿ ಸಲ ಯೋಚನೆ ಮಾಡ್ಬೇಕು. ಅದಕ್ಕೇ ಮಜಾ."

ಅಷ್ಟರಲ್ಲಿ ಕರೆಂಟು ಹೋಯಿತು. ಹೊರಗೆ ಮಳೆ. ಯಾರೂ ಏಳಲಿಲ್ಲ, ಕತ್ತಲಲ್ಲೂ ಬೆರಳು ನಡೆದೇ ಇತ್ತು. ಹುಡುಗಿಗೆ ಇನ್ನೊಂದು ಸರಣಿ ನೆನಪಾಯಿತು. ಇಲೋನಾ ಆಂಡ್ರ್ಯೂಸ್ ಅನ್ನುವ ಹೆಸರಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಬರೆದ ಕೇಟ್ ಡೇನಿಯಲ್ಸ್ ಕಥೆಗಳು, 2007ರಿಂದ 2018ರವರೆಗೆ ಹತ್ತು ಪುಸ್ತಕ. ಅಲ್ಲಿ ಅಟ್ಲಾಂಟಾ ನಗರಕ್ಕೆ ಮಾಯೆ ಅಲೆ ಅಲೆಯಾಗಿ ಬರುತ್ತದೆ. ಮಾಯೆ ಬಂದಾಗ ಕರೆಂಟು, ಕಾರು, ಫೋನು ಯಾವುದೂ ನೆಚ್ಚುವಂತಿಲ್ಲ. ಮಾಯೆ ಹೋದಾಗ ಯಂತ್ರಗಳು ನಡೆಯುತ್ತವೆ, ಮಂತ್ರ ನಡೆಯೋಲ್ಲ. "ಹಾಗಾದ್ರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರಲ್ಲಿ ಮಾಯೆಯೇ" ಅಂದರು ದೊಡ್ಡಪ್ಪ. ಎಲ್ಲರೂ ನಕ್ಕಿದ್ದು ಎಷ್ಟೆಂದರೆ ಒಲೆ ಮುಂದೆ ಇದ್ದವರು ಎದ್ದು ಬಂದು ಏನಾಯ್ತು ಅಂತ ಕೇಳಿದರು.

ಪಕ್ಕದ ಮನೆಯ ಅತ್ತಿಗೆಗೆ ಮಾತ್ರ ಇದೆಲ್ಲ ಸೇರಲಿಲ್ಲ. "ಇದಕ್ಕೆ ಅಮೆರಿಕ ಯಾಕೆ ಬೇಕು? ನಮ್ಮ ಮಾರಿಕಾಂಬೆ ಇಲ್ವಾ?" ಅಂದರು. ಶಿರಸಿಯವರಿಗೆ ಮಾರಿಕಾಂಬೆ ಎಂದ ಮೇಲೆ ಎದುರು ಮಾತಿಲ್ಲ. ಎರಡು ವರ್ಷಕ್ಕೊಮ್ಮೆ ಜಾತ್ರೆ ನಡೆದರೆ ಊರಿಗೆ ಊರೇ ಅಲ್ಲಿರುತ್ತದೆ. ಆದರೂ ನನಗೆ ಸುಮ್ಮನಿರಲು ಆಗಲಿಲ್ಲ. ದೇವಿ ನಾಯಕಿ ಅಲ್ಲ, ದೇವಿ. ಮಹಿಷಾಸುರನ ಎದುರು ನಿಂತಾಗ ಅವಳು ಗೆಲ್ಲುತ್ತಾಳೋ ಇಲ್ಲವೋ ಅಂತ ಯಾರಿಗೂ ಅನುಮಾನ ಇಲ್ಲ, ಅವಳಿಗಂತೂ ಮೊದಲೇ ಇಲ್ಲ. ನಾಳೆ ಬೆಳಿಗ್ಗೆ ಎದ್ದು ಗ್ಯಾರೇಜಿನ ಬಾಗಿಲು ತೆಗೆಯುವ ಚಿಂತೆ ಅವಳಿಗಿಲ್ಲ.

ಆದರೆ ಮಾರಿಯ ಜನಪದ ಕಥೆ ಬೇರೆ. ಮದುವೆಯಲ್ಲಿ ಮೋಸವಾಗಿದೆ ಎಂದು ತಿಳಿದ ಒಬ್ಬ ಹೆಣ್ಣಿನ ಸಿಟ್ಟಿನಿಂದ ಅದು ಹುಟ್ಟುತ್ತದೆ. ಆ ಕಥೆ ಹೇಳುವಾಗ ಗಂಡನ ಜಾತಿಯನ್ನೇ ಅಪರಾಧ ಮಾಡುವ ರೀತಿ ನನಗೆ ಯಾವತ್ತೂ ಸೇರಿಲ್ಲ. ಅದನ್ನು ಅಲ್ಲೂ ಹೇಳಿದೆ, ಒಂದಿಬ್ಬರ ಮುಖ ಸಣ್ಣದಾಯಿತು. ಹೋಗಲಿ. ದೇವಿಯಾಗುವ ಮೊದಲು ಅವಳು ಮನುಷ್ಯಳಾಗಿದ್ದಳಲ್ಲ, ಆ ಭಾಗವನ್ನು ಯಾರಾದರೂ ಅವಳ ಕಡೆಯಿಂದ ಬರೆದರೆ ನಾನು ಓದಲು ತಯಾರು.

ದೊಡ್ಡಪ್ಪ ಪ್ರಾಯದಲ್ಲಿ ಹವ್ಯಾಸಿ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುತ್ತಿದ್ದವರು. ಅವರಿಗೆ ನೆನಪಾದದ್ದು ಪ್ರಮೀಳೆ. ಜೈಮಿನಿ ಭಾರತದ ಕಥೆ, ಅಶ್ವಮೇಧದ ಕುದುರೆ ಹೆಂಗಸರದೇ ರಾಜ್ಯಕ್ಕೆ ಬರುತ್ತದೆ. ರಾಣಿ ಪ್ರಮೀಳೆ ಕಟ್ಟಿಹಾಕುತ್ತಾಳೆ. ಅರ್ಜುನ ಯುದ್ಧಕ್ಕೆ ನಿಲ್ಲುತ್ತಾನೆ. ಆಗ ಅಶರೀರವಾಣಿ, ಇವಳ ಜೊತೆ ಕಾದಾಟ ಬೇಡ, ಮದುವೆಯಾಗು ಅಂತ.

"ಅಲ್ಲಿಗೆ ಮುಗೀತು" ಅಂದಳು ಚಿಕ್ಕಮ್ಮ. "ಗೆಲ್ಲೋಕಾಗಲಿಲ್ಲ, ತಾಳಿ ಕಟ್ಟಿದ. ರಾಜ್ಯ ಏನಾಯ್ತು ಅಂತ ಯಾರಾದ್ರೂ ಹೇಳ್ತಾರಾ?"

"ಪದ್ಯದಲ್ಲಿ ಏನಿದ್ರೂ ಇರಲಿ. ನಾನು ಅರ್ಥ ಹೇಳುವಾಗ ಷರತ್ತು ಹಾಕಿಯೇ ಒಪ್ಪುತ್ತಿದ್ದೆ" ಅಂದರು ದೊಡ್ಡಪ್ಪ. "ಎದುರು ಅರ್ಜುನ ಮಾಡಿದವನಿಗೆ ಬೆವರು ಕಿತ್ತು ಬರ್ತಿತ್ತು."

ಇದೇ ಜಗಳ ಆ ಸರಣಿಗಳ ಓದುಗರಲ್ಲೂ ಇದೆ ನೋಡಿ. ಶಾರ್ಲೇನ್ ಹ್ಯಾರಿಸ್ ಬರೆದ ಸೂಕಿ ಸ್ಟ್ಯಾಕ್‌ಹೌಸ್ ಕಥೆಗಳು 2001ರಲ್ಲಿ ಶುರುವಾಗಿ 2013ರಲ್ಲಿ ಹದಿಮೂರನೇ ಪುಸ್ತಕಕ್ಕೆ ಮುಗಿದವು. 'ಟ್ರೂ ಬ್ಲಡ್' ಅಂತ ಟಿವಿಯಲ್ಲಿ ಬಂದದ್ದು ಇದೇ ಕಥೆ. ಸೂಕಿ ಒಂದು ಬಾರ್‌ನಲ್ಲಿ ಊಟ ಬಡಿಸುವವಳು, ಇನ್ನೊಬ್ಬರ ಮನಸ್ಸಿನ ಮಾತು ಅವಳಿಗೆ ಕೇಳಿಸುತ್ತದೆ. ಕೊನೆಯಲ್ಲಿ ಅವಳು ಹೋಗಿದ್ದು ರಕ್ತಪಿಶಾಚಿಯ ಹಿಂದೆ ಅಲ್ಲ, ಮೊದಲಿಂದ ಜೊತೆಗಿದ್ದ ಆ ಬಾರ್‌ನ ಮಾಲೀಕ ಸ್ಯಾಮ್ ಕಡೆಗೆ. ಓದುಗರು ರೊಚ್ಚಿಗೆದ್ದರು. ಲೇಖಕಿಗೆ ಬೆದರಿಕೆಗಳೂ ಬಂದವು. ನನಗೆ ಮಾತ್ರ ಆ ಕೊನೆ ಸರಿ ಅನ್ನಿಸಿತು. ಹಗಲು ಹೊತ್ತು ಎಚ್ಚರವೇ ಇರದವನ ಜೊತೆ ಸಂಸಾರ ಹೇಗೆ ಮಾಡೋದು? ಹುಡುಗಿಗೆ ಈ ಮಾತು ಹಿಡಿಸಲಿಲ್ಲ. "ಅತ್ತೇ, ನೀನು ಸಂಸಾರದ ಲೆಕ್ಕ ಹಾಕ್ತಿದ್ದೀಯ" ಅಂದಳು. ಹಾಕುತ್ತೇನೆ. ಸೂಕಿಯೂ ಹಾಕುತ್ತಾಳೆ, ಅದಕ್ಕೇ ಅವಳು ನನಗೆ ಇಷ್ಟ.

ಮಧ್ಯಾಹ್ನ ಊಟವಾಗಿ ಗಂಡಸರು ಜಗುಲಿಗೆ ಹೋದ ಮೇಲೆ ಅಡುಗೆಮನೆಯಲ್ಲಿ ನಾವು ನಾಲ್ಕೈದು ಜನ ಉಳಿದೆವು. ಆಗ ಹುಡುಗಿ ಮೆಲ್ಲಗೆ ಇನ್ನೊಂದು ವಿಷಯ ತೆಗೆದಳು. ಮರ್ಸಿ ಸರಣಿಯ ಮೂರನೇ ಪುಸ್ತಕದಲ್ಲಿ, ಅದು 2008ರದ್ದು, ಅವಳ ಮೇಲೆ ಅತ್ಯಾಚಾರ ಆಗುತ್ತದೆ. ಮದ್ದು ಕುಡಿಸಿ, ಬೇಡ ಅನ್ನುವ ಶಕ್ತಿಯನ್ನೇ ಕಿತ್ತುಕೊಂಡು. ಅಲ್ಲಿಗೇ ಪುಸ್ತಕ ಮುಚ್ಚಿಟ್ಟ ಓದುಗರು ತುಂಬ ಜನ. ಗಟ್ಟಿಗಿತ್ತಿ ನಾಯಕಿ ಅಂದ ಮೇಲೆ ಅವಳಿಗೆ ಇದೇ ಯಾಕೆ ಆಗಬೇಕು, ಬರೆಯುವವರಿಗೆ ಹೆಣ್ಣನ್ನು ನೋಯಿಸಲು ಬೇರೆ ದಾರಿಯೇ ಗೊತ್ತಿಲ್ಲವಾ ಅನ್ನೋದು ಅವರ ಸಿಟ್ಟು. ಇವಳೂ ಬಹಳ ದಿನ ಮುಟ್ಟಿರಲಿಲ್ಲವಂತೆ.

"ಆಮೇಲೆ ಯಾಕೆ ಓದಿದೆ?" ಅಂತ ಕೇಳಿದ್ದು ಅಣ್ಣನ ಹೆಂಡತಿ, ಅವಳ ಅಮ್ಮ. ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ.

"ನಾಲ್ಕನೇ ಪುಸ್ತಕದಲ್ಲಿ ಅವಳು ಅದನ್ನ ಮರೆತಿಲ್ಲ ಅಂತ ಗೆಳತಿ ಹೇಳಿದ್ಳು. ಕೆಲಸ ಮಾಡ್ತಾ ಮಾಡ್ತಾ ಇದ್ದಕ್ಕಿದ್ದಂಗೆ ಉಸಿರು ಕಟ್ಟತ್ತೆ, ಕೈಕಾಲು ನಡುಗತ್ತೆ. ಆದ್ರೂ ಕೆಲಸಕ್ಕೆ ಹೋಗ್ತಾಳೆ."

ಚಿಕ್ಕಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ತಾನು ಓದಿದ ಹಳೆಯ ಧಾರಾವಾಹಿಗಳಲ್ಲಿ ಹೀಗಾದವಳು ಬಾವಿಗೆ ಬೀಳುತ್ತಿದ್ದಳು, ಇಲ್ಲವೇ ಯಾರೋ ದೊಡ್ಡ ಮನಸ್ಸು ಮಾಡಿ ಮದುವೆಯಾಗುತ್ತಿದ್ದ, ಎರಡೇ ದಾರಿ ಅಂದಳು. "ಮಾರನೇ ದಿನ ಎದ್ದು ಕೆಲಸಕ್ಕೆ ಹೋದವಳು ಒಬ್ಬಳೂ ನೆನಪಿಲ್ಲ." ಅಣ್ಣನ ಹೆಂಡತಿ ಮಗಳನ್ನೇ ನೋಡುತ್ತಿದ್ದಳು. ನಮ್ಮ ಮನೆಯಲ್ಲಿ ತಾಯಿ ಮಗಳು ಇಂಥ ವಿಷಯ ಮಾತಾಡಿದ್ದು ನಾನಂತೂ ಕೇಳಿರಲಿಲ್ಲ. ತೋಳಮನುಷ್ಯರ ನೆಪ ಇಲ್ಲದಿದ್ದರೆ ಅವತ್ತೂ ಮಾತಾಡುತ್ತಿರಲಿಲ್ಲವೇನೋ.

ನನ್ನ ಪಾಲಿಗೆ ಈ ಜಾತಿಯ ಕಥೆಗಳ ಮೊದಲ ಪರಿಚಯ ಆಗಿದ್ದು ಪುಸ್ತಕದಿಂದಲ್ಲ, ಹಾಸ್ಟೆಲಿನಲ್ಲಿ ಯಾರೋ ತಂದ ಸಿಡಿಗಳಿಂದ. 'ಬಫಿ ದ ವ್ಯಾಂಪೈರ್ ಸ್ಲೇಯರ್', 1997ರಿಂದ 2003ರವರೆಗೆ ಅಮೆರಿಕದ ಟಿವಿಯಲ್ಲಿ ಬಂದ ಧಾರಾವಾಹಿ. ಹೊಡೆದಾಟವೆಲ್ಲ ಈಗ ಅಷ್ಟಕ್ಕಷ್ಟೇ ನೆನಪು. ಐದನೇ ಸೀಸನ್ನಿನಲ್ಲಿ ಬಫಿಯ ಅಮ್ಮ ಸಾಯುವುದು ಮಾತ್ರ ಚೆನ್ನಾಗಿ ನೆನಪಿದೆ. ಪಿಶಾಚಿ ಕೊಂದದ್ದಲ್ಲ, ಮಿದುಳಿನ ತೊಂದರೆ. ಜಗತ್ತನ್ನೇ ಉಳಿಸುವ ಹುಡುಗಿ ಅಮ್ಮನ ಎದುರು ಏನೂ ಮಾಡಲಾಗದೆ ನಿಲ್ಲುತ್ತಾಳೆ. ಮುಂದಿನ ಸೀಸನ್ನಿನಲ್ಲಿ ಮನೆಯ ಪೈಪು ಒಡೆದು ನೆಲಮಾಳಿಗೆಗೆ ನೀರು ತುಂಬುತ್ತದೆ. ರಿಪೇರಿಗೆ ದುಡ್ಡಿಲ್ಲ. ಬರ್ಗರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಆ ಸೀಸನ್ ಬೋರು ಅಂತ ಬೈದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಪಿಶಾಚಿ ನೋಡಲು ಬಂದವರಿಗೆ ಪೈಪು ತೋರಿಸಿದರೆ ಸಿಟ್ಟು ಬರತ್ತೆ, ಅಲ್ವಾ. ಪ್ರತಿ ಮಳೆಗಾಲಕ್ಕೂ ಹಂಚು ಸೋರುವ ಮನೆಯಲ್ಲಿ ಬೆಳೆದ ನನಗೆ ಆ ನೆಲಮಾಳಿಗೆಯ ನೀರೇ ಪಿಶಾಚಿಗಿಂತ ನಿಜ ಅನ್ನಿಸಿತ್ತು.

ಹಾಗಾಗಿ ಸರಣಿಗಳು ಉದ್ದವಾದಂತೆ ನನಗೆ ಬೇಜಾರು ಬರುವುದೂ ಇದೇ ಕಾರಣಕ್ಕೆ. ಪುಸ್ತಕದಿಂದ ಪುಸ್ತಕಕ್ಕೆ ವೈರಿ ದೊಡ್ಡವನಾಗಬೇಕು, ಅವನಿಗೆ ತಕ್ಕಂತೆ ಅವಳ ಶಕ್ತಿಯೂ ಬೆಳೆಯಬೇಕು. ರಕ್ತಬೀಜಾಸುರನ ಲೆಕ್ಕ, ಒಬ್ಬನನ್ನು ಕೊಂದರೆ ಇನ್ನಷ್ಟು ಜನ. ಮೊದಲ ಪುಸ್ತಕದಲ್ಲಿ ಕೂಲಿಗೆ ಕತ್ತಿ ಹಿಡಿದು ತಿಂಗಳು ತಳ್ಳುತ್ತಿದ್ದ ಕೇಟ್ ಕೊನೆಕೊನೆಗೆ ಇಡೀ ಅಟ್ಲಾಂಟಾವನ್ನೇ ತನ್ನದೆಂದು ಸಾರುತ್ತಾಳೆ. ರಾಣಿಯಾದ ಕೇಟ್ ಬಗ್ಗೆ ನನಗೆ ಗೌರವ ಇದೆ, ಕುತೂಹಲ ಇಲ್ಲ. ಇದನ್ನು ಹೇಳಿದ್ದಕ್ಕೆ ಹುಡುಗಿ ಕೋಪ ಮಾಡಿಕೊಂಡಳು. "ಗಂಡಸರು ನಾಯಕರಾದ ಕಥೆಯಲ್ಲಿ ಕೊನೆಗೆ ರಾಜ ಆಗ್ತಾರೆ, ಆಗ ಯಾರೂ ಬಾಡಿಗೆ ಕಟ್ಟಿದ್ಯಾ ಅಂತ ಕೇಳಲ್ಲ. ಹೆಂಗಸು ಮಾತ್ರ ಕೊನೆವರೆಗೂ ಕಷ್ಟಪಡ್ತಾನೇ ಇರ್ಬೇಕಾ?" ಇದಕ್ಕೆ ನನ್ನ ಹತ್ತಿರ ಥಟ್ಟನೆ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಕಷ್ಟ ಬೇಡ, ಕೆಲಸ ಇರಲಿ ಅನ್ನಬಹುದೇನೋ. ಮರ್ಸಿ ಗ್ಯಾರೇಜು ಬಿಡದೇ ಇರುವವರೆಗೆ ನಾನು ಅವಳ ಪರ.

ಚೌತಿ ಮುಗಿಸಿ ಹುಡುಗಿ ಹುಬ್ಬಳ್ಳಿಗೆ ಹೋದಳು, ನಾನು ಕಾರವಾರಕ್ಕೆ ಬಂದೆ. ಚಿಕ್ಕಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಹಾಗಾಗಿ ಈಗ ಹುಡುಗಿ ಊಟವಾದ ಮೇಲೆ ಮರ್ಸಿ ಕಥೆಯನ್ನು ವಾಟ್ಸಾಪಿನಲ್ಲಿ ಹೇಳಿ ಕಳಿಸುತ್ತಾಳೆ, ಧಾರಾವಾಹಿ ಲೆಕ್ಕದಲ್ಲಿ. ಚಿಕ್ಕಮ್ಮ ಕೇಳಿ ಅಭಿಪ್ರಾಯ ಕಳಿಸುತ್ತಾಳೆ, ನನಗೂ ಸೇರಿಸಿ. ತೋಳಗಳ ನಾಯಕ ಆಡಮ್ ಬಂದಾಗಿನಿಂದ ಅವಳಿಗೆ ಸಮಾಧಾನ ಇಲ್ಲ. ಆರನೇ ಪುಸ್ತಕದಲ್ಲಿ ಇಬ್ಬರಿಗೂ ಮದುವೆ ಅಂತ ಹುಡುಗಿ ಮೊದಲೇ ಬಾಯಿಬಿಟ್ಟಿದ್ದಾಳೆ. ನಿನ್ನೆ ರಾತ್ರಿ ಚಿಕ್ಕಮ್ಮನ ಸಂದೇಶ ಬಂತು: "ಮದುವೆ ಆಗ್ಲಿ, ನನ್ನದೇನೂ ಅಡ್ಡಿ ಇಲ್ಲ. ಆ ಗ್ಯಾರೇಜಿನ ಕಾಗದಪತ್ರ ಯಾರ ಹೆಸರಲ್ಲಿದೆ ಅಂತ ಮೊದಲು ನೋಡಿ ಹೇಳು."