ದೆಹಲಿ, ಆಗ್ರಾ, ಜೈಪುರ ಟೂರ್: ದುಡ್ಡು ಕಟ್ಟುವ ಮುಂಚೆ ವಾರ ನೋಡಿ

ನಾವು ದೆಹಲಿಯಲ್ಲಿ ಇಳಿದದ್ದು ಸೋಮವಾರ. ಅವತ್ತಿನ ಪಟ್ಟಿಯಲ್ಲಿ ಮೊದಲನೆಯದೇ ಕೆಂಪುಕೋಟೆ. ವಿಮಾನ ನಿಲ್ದಾಣದಿಂದ ಬಸ್ಸು ಹತ್ತಿ, ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕೂತು, ಕೋಟೆ ಎದುರು ಬಂದರೆ ಬಾಗಿಲು ಹಾಕಿತ್ತು. ಸೋಮವಾರ ಕೆಂಪುಕೋಟೆಗೆ ರಜೆ. "ಹೊರಗಿನಿಂದಲೇ ಫೋಟೋ ತೆಗೆದುಕೊಳ್ಳಿ" ಎಂದರು ಟೂರ್ ಮ್ಯಾನೇಜರ್. ಪ್ರತಿ ವರ್ಷ ಆಗಸ್ಟ್ 15ಕ್ಕೆ ಟೀವಿ ಮುಂದೆ ಕೂತು ಆ ಗೋಡೆ ನೋಡುತ್ತಿದ್ದ ನಮ್ಮ ಅಪ್ಪ, ರಸ್ತೆಯ ಈಚೆ ಬದಿ ನಿಂತು ಸುಮ್ಮನೆ ನೋಡಿದರು. ಏನೂ ಅನ್ನಲಿಲ್ಲ. ನನಗೆ ಹೊಟ್ಟೆಗೆ ಕಿಚ್ಚಿಟ್ಟ ಹಾಗಾಯಿತು.

ತಪ್ಪು ಕಂಪನಿಯದು ನಿಜ. ಆದರೆ ಆ ಪಟ್ಟಿ ನನ್ನ ಕೈಯಲ್ಲಿ ಎರಡು ತಿಂಗಳಿಂದ ಇತ್ತು. ಯಾವ ಊರು ಯಾವ ವಾರ ಬರುತ್ತದೆ ಎಂದು ನಾನೂ ನೋಡಿರಲಿಲ್ಲ. ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ, ಅದರಲ್ಲೂ ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗಾಗಿ.

ಮೊದಲು ವಾರದ ವಿಷಯ. ದೆಹಲಿಯಲ್ಲಿ ಸೋಮವಾರ ಕೆಂಪುಕೋಟೆ ಮಾತ್ರ ಅಲ್ಲ, ಅಕ್ಷರಧಾಮ, ಲೋಟಸ್ ಟೆಂಪಲ್, ನ್ಯಾಷನಲ್ ಮ್ಯೂಸಿಯಂ ಎಲ್ಲಕ್ಕೂ ರಜೆ. ಆಗ್ರಾದಲ್ಲಿ ತಾಜ್‌ಮಹಲ್‌ಗೆ ಶುಕ್ರವಾರ ರಜೆ. ದೆಹಲಿಯ ಚಾಂದನಿ ಚೌಕದ ಪೇಟೆಯಲ್ಲಿ ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಹಾಗಾಗಿ ಮಂಗಳವಾರ ದೆಹಲಿಗೆ ಬಂದು, ಗುರುವಾರ ಬೆಳಿಗ್ಗೆ ತಾಜ್ ನೋಡುವ ಹಾಗಿದ್ದರೆ ಒಳ್ಳೆಯದು. ಶನಿವಾರ ಭಾನುವಾರ ಆಗ್ರಾದಲ್ಲಿ ಜನ ವಿಪರೀತ. ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ ಒಂದೊಂದೇ ದಿನ ಕೇಳಿಕೊಳ್ಳಿ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಕೇಳಿ.

ನಾವು ಹಾಸನದಿಂದ ನಾಲ್ಕು ಜನ. ಅಪ್ಪನಿಗೆ 71, ಅಮ್ಮನಿಗೆ 66, ಜೊತೆಗೆ ನಾನು ಮತ್ತು ನನ್ನ ಅಕ್ಕ. ಸಂಕ್ರಾಂತಿ ಮುಗಿಸಿಕೊಂಡು ಹೊರಟೆವು. ಒಟ್ಟು ಏಳು ದಿನ, ಬಸ್ಸಿನಲ್ಲಿ 28 ಜನ, ಎಲ್ಲರೂ ಕನ್ನಡದವರು. ಕನ್ನಡದ ತಂಡದ ಜೊತೆ ಹೋಗುವುದರಲ್ಲಿ ಒಂದು ದೊಡ್ಡ ಸುಖ ಇದೆ, ಅಡುಗೆಯವರು ಜೊತೆಗೇ ಬರುತ್ತಾರೆ. ಬೆಳಿಗ್ಗೆ ಆ ಚಳಿಯಲ್ಲಿ ಬಿಸಿ ಉಪ್ಪಿಟ್ಟು, ರಾತ್ರಿ ಅನ್ನ ಸಾರು. ಮೂರನೇ ದಿನಕ್ಕೇ ಪರಾಠ, ಪನೀರ್ ಸಾಕಾಗಿಹೋಗುವ ವಯಸ್ಸಿನವರಿಗೆ ಇದರ ಬೆಲೆ ಗೊತ್ತು. ಅಡುಗೆಯವರಿಲ್ಲದ ಟೂರ್ ಆದರೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಒಂದಿಷ್ಟು ಅವಲಕ್ಕಿ, ಬಿಸಿನೀರಿಗೆ ಒಂದು ಫ್ಲಾಸ್ಕ್ ಇಟ್ಟುಕೊಳ್ಳಿ.

ಜನವರಿಯಲ್ಲಿ ಹೋಗಬೇಡಿ ಅಂತಲೇ ನಾನು ಹೇಳುತ್ತೇನೆ. ಡಿಸೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ಅಲ್ಲಿ ಮಂಜು. ನಮ್ಮ ಸಕಲೇಶಪುರದ ಕಡೆಯ ಮಂಜು ನೋಡಿದವರು ಇದೇನು ಮಹಾ ಅಂದುಕೊಳ್ಳಬೇಡಿ, ಇದು ಬೇರೆ, ಹೊಗೆ ಸೇರಿದ್ದು, ಎದುರಿನ ಲಾರಿಯ ಬಾಲವೂ ಕಾಣುವುದಿಲ್ಲ. ಬೆಳಗಿನ ವಿಮಾನ, ರೈಲು ಎಲ್ಲ ತಡ. ಸಾಲದ್ದಕ್ಕೆ ಜನವರಿ ಮೂರನೇ ವಾರ ಗಣರಾಜ್ಯೋತ್ಸವದ ಪರೇಡಿನ ರಿಹರ್ಸಲ್ ನಡೆಯುತ್ತದೆ, ಕರ್ತವ್ಯ ಪಥದ ಸುತ್ತಮುತ್ತ ರಸ್ತೆ ಬಂದ್ ಮಾಡುತ್ತಾರೆ. ಇಂಡಿಯಾ ಗೇಟನ್ನು ನಾವು ದೂರದಿಂದ, ಬಸ್ಸಿನ ಕಿಟಕಿಯಲ್ಲಿ ನೋಡಿದ್ದಷ್ಟೇ. ಫೆಬ್ರವರಿ ಎರಡನೇ ವಾರದಿಂದ ಮಾರ್ಚ್ ಮಧ್ಯದವರೆಗೆ ಹೋದರೆ ಹಿತವಾಗಿರುತ್ತದೆ.

ಸೋಮವಾರವೂ ತೆರೆದಿರುವ ಕುತುಬ್ ಮಿನಾರ್‌ಗೆ ಮಧ್ಯಾಹ್ನ ಹೋದೆವು. 72.5 ಮೀಟರ್ ಎತ್ತರ. ಒಳಗೆ 379 ಮೆಟ್ಟಿಲು ಇವೆ, ಆದರೆ 1981ರಲ್ಲಿ ಒಳಗೆ ನೂಕುನುಗ್ಗಲಾಗಿ ಜನ ಸತ್ತ ಮೇಲೆ ಯಾರನ್ನೂ ಹತ್ತಲು ಬಿಡುವುದಿಲ್ಲ. ಅಪ್ಪ ಕಾಲೇಜಿನಲ್ಲಿದ್ದಾಗ ಬಂದು ಮೊದಲ ಅಂತಸ್ತಿನವರೆಗೆ ಹತ್ತಿದ್ದರಂತೆ. ಆ ಕಿರಿದಾದ ಬಾಗಿಲ ಮುಂದೆ ನಿಂತು ಅಕ್ಕನಿಗೆ ಅದನ್ನು ಎರಡು ಸಲ ಹೇಳಿದರು. ಬೆಳಿಗ್ಗೆ ಆದ ಬೇಸರ ಅಲ್ಲಿ ಸ್ವಲ್ಪ ಕಳೆಯಿತು.

ಮರುದಿನ ಹುಮಾಯೂನನ ಗೋರಿ. ಕೆಲವು ಟೂರ್‌ಗಳಲ್ಲಿ ಇದನ್ನು ಬಿಟ್ಟುಬಿಡುತ್ತಾರೆ. ಬಿಡಲು ಒಪ್ಪಬೇಡಿ. ತಾಜ್ ಕಟ್ಟಲು ಶುರುಮಾಡಿದ್ದು 1632ರಲ್ಲಿ, ಇದು ಅದಕ್ಕಿಂತ ಸುಮಾರು 60 ವರ್ಷ ಮುಂಚೆಯೇ ಮುಗಿದಿತ್ತು. ನಾಲ್ಕು ಭಾಗ ಮಾಡಿದ ತೋಟ, ನಡುವೆ ನೀರಿನ ಕಾಲುವೆ, ಎತ್ತರದ ಜಗಲಿ, ಮೇಲೆ ಬಿಳಿ ಗುಮ್ಮಟ. ಇದನ್ನು ನೋಡಿಕೊಂಡು ತಾಜ್‌ಗೆ ಹೋದರೆ ಅದು ಎಲ್ಲಿಂದ ಬಂತು ಎಂದು ನಿಮಗೇ ತಿಳಿಯುತ್ತದೆ, ಗೈಡ್ ಹೇಳಬೇಕಾಗಿಲ್ಲ. ಜಗಲಿಗೆ ಹತ್ತುವ ಮೆಟ್ಟಿಲು ಮಾತ್ರ ಕಡಿದು, ಮಂಡಿ ನೋವಿನವರು ಕೆಳಗಿನ ತೋಟದಲ್ಲೇ ಕೂರಬಹುದು.

ದೆಹಲಿಯಿಂದ ಆಗ್ರಾ ಯಮುನಾ ಎಕ್ಸ್‌ಪ್ರೆಸ್ ವೇಯಲ್ಲಿ ನಾಲ್ಕು ಗಂಟೆಯ ದಾರಿ. ನಡುವೆ ಮಥುರಾ, ವೃಂದಾವನ. ಅಮ್ಮ ಈ ಟೂರಿಗೆ ಒಪ್ಪಿದ್ದೇ ಮಥುರೆಗೋಸ್ಕರ. ಕೃಷ್ಣ ಜನ್ಮಸ್ಥಾನಕ್ಕೆ ಮೊಬೈಲು, ಚೀಲ ಬಿಡುವುದಿಲ್ಲ, ಬಸ್ಸಿನಲ್ಲೇ ಬಿಟ್ಟು ಹೋಗಿ. ಎರಡೂ ಕಡೆ ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಆ ಹೊತ್ತಿಗೆ ತಲುಪಿದರೆ ಸಂಜೆಯವರೆಗೆ ಕಾಯಬೇಕು. ವೃಂದಾವನದಲ್ಲಿ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳಿ. ಕೋತಿಗಳು ಹಿಂದಿನಿಂದ ಬಂದು ಕಿತ್ತುಕೊಳ್ಳುತ್ತವೆ, ಜ್ಯೂಸ್ ಪ್ಯಾಕೆಟ್ ಎಸೆದರೆ ಕನ್ನಡಕ ಬಿಸಾಕುತ್ತವೆ. ನಮ್ಮ ಬಸ್ಸಿನ ಒಬ್ಬರ ಕನ್ನಡಕ ಹೋಯಿತು, ವಾಪಸ್ ಬಂದಾಗ ಒಂದು ಗಾಜು ಇರಲಿಲ್ಲ. ಕನ್ನಡಕ ಇಲ್ಲದೆ ಉಳಿದ ನಾಲ್ಕು ದಿನ ಅವರು ಏನು ನೋಡಿದರೋ ಪಾಪ.

ಇನ್ನು ತಾಜ್‌ಮಹಲ್. ಬೆಳಗಿನ ಆರೂವರೆಗೇ ಹೋಗಿ ಸಾಲಿನಲ್ಲಿ ನಿಂತೆವು. ಭಾರತೀಯರಿಗೆ ನಾವು ಹೋದಾಗ ಟಿಕೆಟ್ 50 ರೂಪಾಯಿ, ಗೋರಿ ಇರುವ ಕಟ್ಟಡದ ಒಳಗೆ ಹೋಗಲು ಮೇಲೆ 200. ಆನ್‌ಲೈನಿನಲ್ಲಿ ಹಿಂದಿನ ದಿನವೇ ತೆಗೆದುಕೊಂಡರೆ ಒಂದು ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ವಾಹನಗಳನ್ನು ದೂರದಲ್ಲೇ ನಿಲ್ಲಿಸುತ್ತಾರೆ, ಅಲ್ಲಿಂದ ಬ್ಯಾಟರಿ ಗಾಡಿ. ತಿಂಡಿ, ಬೆಂಕಿಪೊಟ್ಟಣ, ಎಲೆಅಡಿಕೆ, ತಂಬಾಕು ಏನೂ ಬಿಡುವುದಿಲ್ಲ. ಅಪ್ಪನ ಅಡಿಕೆ ಡಬ್ಬಿ ಗೇಟಿನಲ್ಲೇ ಉಳಿಯಿತು.

ಒಳಗೆ ಹೋದರೆ ತಾಜ್ ಇಲ್ಲ. ನಿಜವಾಗಿ ಹೇಳುತ್ತಿದ್ದೇನೆ, ದೊಡ್ಡ ಬಾಗಿಲು ದಾಟಿ ನಿಂತರೆ ಎದುರಿಗೆ ಬರೀ ಬಿಳಿ. ಮುಂದೆ ನಡೆದಂತೆ ಜಗಲಿಯ ಅಂಚು ಕಂಡಿತು, ಗುಮ್ಮಟ ಕಾಣಲೇ ಇಲ್ಲ. ಟಿಕೆಟ್ಟಿಗೆ ಮೂರು ಗಂಟೆ ಅವಧಿ. ಒಂಬತ್ತೂವರೆಗೆ ಬಿಸಿಲು ಸ್ವಲ್ಪ ಬಂದು ಗುಮ್ಮಟದ ಅಂಚು ಮೂಡುವ ಹೊತ್ತಿಗೆ ಮ್ಯಾನೇಜರ್ ಹೊರಡಿ ಹೊರಡಿ ಅನ್ನುತ್ತಿದ್ದರು. ಚಳಿಗಾಲದಲ್ಲಿ ಸೂರ್ಯೋದಯಕ್ಕೆ ತಾಜ್ ತೋರಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಬೇಡ ಅನ್ನಿ. ಹನ್ನೊಂದು ಗಂಟೆಯ ಮೇಲೆ ಹೋಗಿ. ಇನ್ನೊಂದು ವಿಷಯ, ಮೇಲೆ ಹೋಗುವಾಗ ಚಪ್ಪಲಿ ಬಿಡಬೇಕು ಇಲ್ಲವೇ ಮೇಲೆ ಕವರ್ ಹಾಕಿಕೊಳ್ಳಬೇಕು. ಅಮೃತಶಿಲೆ ಆ ಹೊತ್ತಿನಲ್ಲಿ ಮಂಜುಗಡ್ಡೆಯ ಹಾಗೆ ಕೊರೆಯುತ್ತದೆ. ಎಲ್ಲರಿಗೂ ಒಂದೊಂದು ಜೊತೆ ಹಳೆಯ ದಪ್ಪ ಕಾಲುಚೀಲ ಇಟ್ಟುಕೊಳ್ಳಿ.

ಅಮ್ಮ ಒಳಗೆ ನಿಂತು ಗುಮ್ಮಟ ನೋಡಿ, "ನಮ್ಮ ಗೋಳಗುಮ್ಮಟ ಇದಕ್ಕಿಂತ ದೊಡ್ಡದು ಅಲ್ವಾ?" ಎಂದರು. ಹೌದು, ದೊಡ್ಡದೇ. ತಾಜ್ ಕಟ್ಟುತ್ತಿದ್ದ ಕಾಲದಲ್ಲೇ ವಿಜಯಪುರದಲ್ಲಿ ಅದೂ ಏಳುತ್ತಿತ್ತು. ಅಮ್ಮನಿಗೆ ಅದು ತುಂಬಾ ಖುಷಿ ಕೊಟ್ಟ ವಿಷಯ.

ನನಗೆ ಇವತ್ತಿಗೂ ನೋವು ಇರುವುದು ಅದಾದ ಮೇಲೆ ನಡೆದದ್ದಕ್ಕೆ. ಅಲ್ಲಿಂದ ಬಸ್ಸು ಸೀದಾ ಒಂದು ಅಮೃತಶಿಲೆ ಸಾಮಾನಿನ ಅಂಗಡಿಗೆ ಹೋಯಿತು. ಚಹಾ ಕೊಟ್ಟರು, ಕಲ್ಲಿನಲ್ಲಿ ಬಣ್ಣದ ಹರಳು ಕೂರಿಸುವುದನ್ನು ತೋರಿಸಿದರು, ಆಮೇಲೆ ಬಾಗಿಲು ಹಾಕಿಕೊಂಡು ವ್ಯಾಪಾರ. ಒಂದು ಗಂಟೆ ನಲವತ್ತು ನಿಮಿಷ. ಆಮೇಲೆ ಆಗ್ರಾ ಕೋಟೆಗೆ ಉಳಿದದ್ದು 45 ನಿಮಿಷ! ಅಕ್ಬರ್ 1565ರಲ್ಲಿ ಕಟ್ಟಲು ಶುರುಮಾಡಿದ ಕೋಟೆ ಅದು. ಷಹಜಹಾನನನ್ನು ಅವನ ಮಗನೇ 1658ರಿಂದ ಸಾಯುವವರೆಗೆ, ಎಂಟು ವರ್ಷ, ಕೂಡಿಹಾಕಿದ ಜಾಗ. ಅಲ್ಲಿನ ಒಂದು ಬುರುಜಿನಿಂದ ನದಿಯ ತಿರುವಿನಾಚೆ ತಾಜ್ ಕಾಣುತ್ತದೆ. ಮಂಡಿ ನೋವಿನ ಅಮ್ಮ ಇಳಿಜಾರು ಹತ್ತಿ ಮೊದಲ ಅಂಗಳಕ್ಕೆ ಬರುವಷ್ಟರಲ್ಲಿ ವಾಪಸ್ ಕರೆದರು. ಆ ಬುರುಜು ಅವರು ನೋಡಲೇ ಇಲ್ಲ.

ಹೀಗೆ ಅಂಗಡಿಗೆ ಕರೆದುಕೊಂಡು ಹೋಗುವುದು ಈ ಮಾರ್ಗದ ಟೂರ್‌ಗಳಲ್ಲಿ ಮಾಮೂಲು, ಮಾರಾಟ ಆದದ್ದರಲ್ಲಿ ಕಮಿಷನ್ ಇರುತ್ತದೆ. ಅದಕ್ಕೇ ಬುಕ್ ಮಾಡುವಾಗ ಎರಡು ಪ್ರಶ್ನೆ ತಪ್ಪದೆ ಕೇಳಿ. ಎಷ್ಟು ಅಂಗಡಿಗೆ ನಿಲ್ಲಿಸುತ್ತೀರಿ? ಒಂದೊಂದು ಜಾಗದಲ್ಲಿ ಎಷ್ಟು ಗಂಟೆ ಕೊಡುತ್ತೀರಿ? ಉತ್ತರವನ್ನು ವಾಟ್ಸಾಪಿನಲ್ಲಿ ಬರೆದು ಕೊಡಲು ಹೇಳಿ. ಪಟ್ಟಿಯಲ್ಲಿ ಹದಿನೈದು ಜಾಗ ಇದೆ ಎಂದು ಮರುಳಾಗಬೇಡಿ, ಏಳು ಜಾಗ ಇದ್ದು ಒಂದೊಂದಕ್ಕೂ ಎರಡು ಗಂಟೆ ಇರುವುದೇ ಒಳ್ಳೆಯ ಟೂರ್.

ಸಂಜೆಗೆ ಇನ್ನೊಂದು ಅಂಗಡಿ ಅಂದಾಗ ನಾವು ನಾಲ್ವರು ಬರುವುದಿಲ್ಲ ಎಂದೆವು. ಮ್ಯಾನೇಜರ್‌ಗೆ ಇಷ್ಟವಾಗಲಿಲ್ಲ, ಆದರೂ ಬಿಟ್ಟರು. ಒಂದು ಆಟೋ ಮಾತಾಡಿಕೊಂಡು ಯಮುನೆಯ ಆಚೆ ದಡಕ್ಕೆ ಹೋದೆವು. ಮೊದಲು ಇತಿಮಾದುದ್ದೌಲನ ಗೋರಿ, ನೂರ್‌ಜಹಾನ್ ತನ್ನ ತಂದೆಗೆ 1620ರ ದಶಕದಲ್ಲಿ ಕಟ್ಟಿಸಿದ್ದು. ಚಿಕ್ಕದು, ಪೂರ್ತಿ ಅಮೃತಶಿಲೆ, ಗೋಡೆಯ ತುಂಬ ಹೂಜಿ, ಗಿಡ, ಹಣ್ಣಿನ ಚಿತ್ರಗಳನ್ನು ಬಣ್ಣದ ಕಲ್ಲಿನಲ್ಲೇ ಕೂರಿಸಿದ್ದಾರೆ, ಜನ ಕಡಿಮೆ, ಅಮ್ಮ ನಿಧಾನವಾಗಿ ಒಂದೊಂದೇ ಗೋಡೆ ಮುಟ್ಟದೆ ನೋಡುತ್ತಾ ಸುತ್ತು ಬಂದರು. ಆಮೇಲೆ ಅದೇ ದಡದಲ್ಲಿರುವ ಮೆಹ್ತಾಬ್ ಬಾಗ್, ತಾಜ್‌ನ ಬೆನ್ನಿಗೆ ಎದುರಾಗಿರುವ ತೋಟ. ಐದು ಗಂಟೆಯ ಬಿಸಿಲಿನಲ್ಲಿ ನದಿಯಾಚೆ ತಾಜ್ ಪೂರ್ತಿಯಾಗಿ ಕಂಡಿತು. ಬೆಳಿಗ್ಗೆ ನೋಡದ್ದನ್ನೆಲ್ಲ ಅಲ್ಲಿ ನೋಡಿದೆವು. ಅಪ್ಪ ಬೆಂಚಿನಿಂದ ಏಳಲಿಲ್ಲ, ಕಾವಲುಗಾರ ಸೀಟಿ ಊದುವವರೆಗೆ ಕೂತೇ ಇದ್ದರು. ನಿಮ್ಮ ಟೂರಿನಲ್ಲಿ ಈ ಎರಡು ಜಾಗ ಇಲ್ಲದಿದ್ದರೆ ಅರ್ಧ ದಿನ ಕಿತ್ತುಕೊಂಡಾದರೂ ಹೋಗಿ.

ಶುಕ್ರವಾರ ಆಗ್ರಾ ಹತ್ತಿರದ ಫತೇಪುರ್ ಸಿಕ್ರಿ, ಅಕ್ಬರನ ಹಳೆಯ ರಾಜಧಾನಿ. ಅಲ್ಲಿನ ಮಸೀದಿಯ ಹೆಬ್ಬಾಗಿಲು ಬುಲಂದ್ ದರ್ವಾಜಾ 54 ಮೀಟರ್ ಎತ್ತರ, ಕೆಳಗಿನಿಂದ ಹತ್ತುವುದು ವಯಸ್ಸಾದವರಿಗೆ ಕಷ್ಟ. ಅರಮನೆ ಕಡೆಯ ಬಾದ್‌ಶಾಹಿ ದರ್ವಾಜಾದಿಂದ ಒಳಗೆ ಹೋದರೆ ಮೆಟ್ಟಿಲು ಕಡಿಮೆ. ಸಲೀಂ ಚಿಶ್ತಿಯ ದರ್ಗಾದ ಹತ್ತಿರ ಚಾದರ, ದಾರ ಕೊಳ್ಳಿ ಎಂದು ಬೆನ್ನು ಹತ್ತುತ್ತಾರೆ, ತಾವೇ ಗೈಡ್ ಅನ್ನುತ್ತಾರೆ. ಸರ್ಕಾರದ ಗುರುತಿನ ಚೀಟಿ ಕುತ್ತಿಗೆಯಲ್ಲಿ ಇಲ್ಲದವರ ಜೊತೆ ಮಾತು ಬೆಳೆಸಬೇಡಿ.

ಗೈಡ್‌ಗಳ ಬಗ್ಗೆ ಒಂದು ಮಾತು. ಅಲ್ಲಿನ ಗೈಡ್ ಹಿಂದಿಯಲ್ಲಿ ಹತ್ತು ನಿಮಿಷ ಹೇಳಿದ್ದನ್ನು ನಮ್ಮ ಮ್ಯಾನೇಜರ್ ಕನ್ನಡದಲ್ಲಿ ಎರಡು ವಾಕ್ಯ ಮಾಡುತ್ತಿದ್ದರು. ಅಮ್ಮನಿಗೆ ಹಿಂದಿ ಬರುವುದಿಲ್ಲ. ಹಾಗಾಗಿ ಹಿಂದಿನ ರಾತ್ರಿ ಹೋಟೆಲಿನಲ್ಲಿ ನಾನು ಮರುದಿನದ ಜಾಗದ ಬಗ್ಗೆ ಓದಿ ಅವರಿಗೆ ಕತೆ ಹೇಳಲು ಶುರುಮಾಡಿದೆ. ಅಕ್ಕಪಕ್ಕದ ಕೋಣೆಯವರೂ ಬಂದು ಕೂರುತ್ತಿದ್ದರು. ನೀವೂ ಹೀಗೆ ಮಾಡಿ.

ಜೈಪುರಕ್ಕೆ ಎರಡು ದಿನ ಬೇಕೇಬೇಕು. ಅಂಬೇರ್ ಕೋಟೆಗೆ ಜೀಪಿನಲ್ಲಿ ಹೋಗಿ. ಆನೆ ಸವಾರಿ ಬೇಡ, ಕಲ್ಲುಹಾಸಿನ ಏರಿನಲ್ಲಿ ದಿನವೂ ಜನ ಹೊತ್ತು ಹತ್ತುವ ಆ ಪ್ರಾಣಿಯ ಕಾಲು ನೋಡಿದರೆ ನಿಮಗೂ ಬೇಡ ಅನ್ನಿಸುತ್ತದೆ. ಹವಾಮಹಲ್ ಚೆನ್ನಾಗಿ ಕಾಣುವುದು ಹೊರಗಿನಿಂದಲೇ, ಎದುರು ಬದಿಯಿಂದ ಬೆಳಗಿನ ಬಿಸಿಲಿನಲ್ಲಿ. ಅಂಬೇರ್, ಜಂತರ್ ಮಂತರ್, ಹವಾಮಹಲ್ ಎಲ್ಲಕ್ಕೂ ಸೇರಿ ಎರಡು ದಿನ ನಡೆಯುವ ಒಂದೇ ಟಿಕೆಟ್ ಸಿಗುತ್ತದೆ. ಸಿಟಿ ಪ್ಯಾಲೇಸಿಗೆ ಮಾತ್ರ ಬೇರೆ ಟಿಕೆಟ್.

ಅಪ್ಪ ನಿವೃತ್ತ ಗಣಿತ ಮೇಷ್ಟ್ರು. ಸೂರ್ಯ, ನಕ್ಷತ್ರಗಳ ಲೆಕ್ಕ ಹಿಡಿಯುವ ದೊಡ್ಡ ದೊಡ್ಡ ಯಂತ್ರಗಳಿರುವ ಜಂತರ್ ಮಂತರ್‌ನಲ್ಲಿ ಅವರನ್ನು ಹಿಡಿಯುವುದೇ ಕಷ್ಟವಾಯಿತು. ಸಮ್ರಾಟ್ ಯಂತ್ರ 27 ಮೀಟರ್ ಎತ್ತರದ ನೆರಳು ಗಡಿಯಾರ, ಎರಡು ಸೆಕೆಂಡಿನ ಲೆಕ್ಕ ಹಿಡಿಯುತ್ತದೆ. ನೆರಳು ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುವುದು ಕಣ್ಣಿಗೇ ಕಾಣುತ್ತದೆ. ಅಪ್ಪ ಕೈಗಡಿಯಾರ ನೋಡಿದರೆ ಯಂತ್ರ ಸುಮಾರು 40 ನಿಮಿಷ ಹಿಂದೆ! ಬಸ್ಸಿನವರೆಲ್ಲ ಅದು ಕೆಟ್ಟಿದೆ ಅಂದುಕೊಂಡರು. ಅಪ್ಪ ಅಲ್ಲೇ ಪಾಠ ಮಾಡಿದರು. ನಮ್ಮ ಗಡಿಯಾರ ನಡೆಯುವುದು ಪೂರ್ವದ ಕಡೆ ಇರುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಜೈಪುರ ಅದಕ್ಕಿಂತ ಪಶ್ಚಿಮಕ್ಕಿದೆ, ಅಲ್ಲಿಗೆ ಸೂರ್ಯ ಬರುವುದು 27 ನಿಮಿಷ ತಡ, ಉಳಿದದ್ದು ಜನವರಿಯಲ್ಲಿ ಸೂರ್ಯನ ನಡಿಗೆಯಲ್ಲೇ ಆಗುವ ವ್ಯತ್ಯಾಸ. ಯಂತ್ರ ಸರಿಯಾಗೇ ಇದೆ, ಅದು ಜೈಪುರದ ಸಮಯ ತೋರಿಸುತ್ತಿದೆ. ಅಲ್ಲಿದ್ದ ಗೈಡ್ ಕೂಡ ನಿಂತು ಕೇಳಿದ. ಇಲ್ಲಿಗೆ ಬಿಸಿಲಿರುವಾಗ, ಮಧ್ಯಾಹ್ನದ ಹೊತ್ತಿಗೆ ಬನ್ನಿ, ಮೋಡ ಇದ್ದರೆ ನೆರಳೇ ಇರುವುದಿಲ್ಲ.

ವಾಪಸ್ ಬರುವಾಗ ಮತ್ತೆ ದೆಹಲಿಗೆ ಹೋಗುವ ಟೂರ್ ತೆಗೆದುಕೊಳ್ಳಬೇಡಿ, ಸುಮ್ನೆ ಒಂದು ದಿನ ಬಸ್ಸಿನಲ್ಲಿ ಹೋಗುತ್ತದೆ. ಜೈಪುರದಿಂದ ಬೆಂಗಳೂರಿಗೆ ನೇರ ವಿಮಾನ ಇದೆ. ಚಳಿಗಾಲವಾದರೆ ಮಧ್ಯಾಹ್ನದ ಮೇಲಿನದ್ದೇ ಹಿಡಿಯಿರಿ. ನಮ್ಮದು ಸಂಜೆಯದಾಗಿತ್ತು, ಹೇಳಿದ ಹೊತ್ತಿಗೇ ಹೊರಟಿತು. ಬೆಳಗಿನ ವಿಮಾನದವರು ಆಗಿನ್ನೂ ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ಅಲ್ಲೇ ಕೂತಿದ್ದರು.