ಉಪ್ಪು ತೊಳೆದ ಮೇಲೆ ಉಳಿಯೋ ಮಣ್ಣು

ಗೋವಾಕ್ಕೆ ಬಂದು ಎರಡು ವರ್ಷ ಆಗ್ತಾ ಬಂತು, ಊರಿಗೆ ಫೋನ್ ಮಾಡ್ದಾಗೆಲ್ಲ ಆಯಿ ಕೇಳೋದು ಅದೇ, "ತಮಾ, ನೀ ಅಲ್ಲಿ ಮಾಡೂ ಕೆಲಸ ಎಂತದು?" ಪಣಜಿ ಹತ್ರ ಒಂದು ಲ್ಯಾಬಲ್ಲಿ ಗುಜರಾತಿನ ಉಪ್ಪಿನ ಬಯಲು ಕಛ್ ರಣ್‌ನಿಂದ ತಂದ ಮಣ್ಣನ್ನ ತೊಳಿತೀನಿ ಅಂದೆ. ಉಪ್ಪಿನ ಮಣ್ಣು ನೋಡೂಕೆ ಅಷ್ಟು ದೂರ ಹೋಗ್ಬೇಕಾ, ನಮ್ ಸಾಣಿಕಟ್ಟೆಲಿ ಇಲ್ವಾ ಅಂದ್ಲು.

ಆ ಪ್ರಶ್ನೆ ತಲೆಲೇ ಉಳೀತು. ಸಾಣಿಕಟ್ಟೆಲೂ ಇಲ್ಲಿ ರಿಬಂದರ್ ದಾರಿಲಿ ಕಾಣೋ ಮಿಠಾಗರದಲ್ಲೂ (ಉಪ್ಪಿನ ಗದ್ದೆ) ಉಪ್ಪು ಬೇಸಿಗೆಯದ್ದು ಮಾತ್ರ, ಜೂನ್‌ನಲ್ಲಿ ಮಳೆ ಹಿಡೀತು ಅಂದ್ರೆ ಎಲ್ಲ ಕರಗಿ ಹೊಳೆ ಸೇರತ್ತೆ. ಒಣ ಸೀಮೆಲಿ ಹಾಗಲ್ಲ. ಅಬುಧಾಬಿ ಕಡೆ ಸಮುದ್ರದಂಚಿನ ಉಪ್ಪಿನ ಬಯಲಿಗೆ ಅರಬ್ಬಿಲಿ ಸಬ್ಖಾ ಅಂತಾರೆ, ಅಲ್ಲಿ ವರ್ಷಕ್ಕೆ 100 ಮಿ.ಮೀ. ಮಳೆನೂ ಇಲ್ಲ, ತೊಳ್ದು ಹಾಕೋರು ಯಾರೂ ಇಲ್ಲ. ಕೆಳಗಿನ ಉಪ್ಪುನೀರು ದೀಪದ ಬತ್ತಿ ಎಣ್ಣೆ ಎಳ್ಕೊಂಡ ಹಾಗೆ ಮಣ್ಣೊಳಗೆ ಏರ್ತಾ ಬರತ್ತೆ, ನೀರು ಬಿಸಿಲಿಗೆ ಹೋಗತ್ತೆ, ಕರಗಿದ್ದೆಲ್ಲ ಅಲ್ಲೇ ಕೂರತ್ತೆ. ಸಮುದ್ರದ ನೀರು ಮೂರು-ನಾಲ್ಕು ಪಟ್ಟು ಗಟ್ಟಿಯಾದ್ರೆ ಜಿಪ್ಸಂ ಹರಳು, ಹತ್ತು ಪಟ್ಟು ದಾಟಿದ್ಮೇಲೆ ನಾವು ತಿನ್ನೋ ಉಪ್ಪು. ಅಲ್ಲಿನ ಕಾವಿಗೆ ಜಿಪ್ಸಂ ಒಳಗಿನ ನೀರೂ ಹೋಗಿ ಆನ್‌ಹೈಡ್ರೈಟ್ ಅನ್ನೋ ಖನಿಜ ಆಗತ್ತೆ, ಹಳೇ ಬಂಡೆಲಿ ಮಾತ್ರ ನೋಡಿದ್ದ ಇದು ಈಗಲೂ ಹುಟ್ತಾ ಇದೆ ಅಂತ 1960ರ ದಶಕದ ಶುರುಲಿ ಅಲ್ಲೇ ಗೊತ್ತಾಗಿದ್ದು.

ಆದ್ರೆ ಉಪ್ಪು ಎಲ್ಲಿ ಹೋದ್ರೂ ಅದೇ ಉಪ್ಪು. ಒಂದು ಜಾಗದ ಮಣ್ಣು ಎಲ್ಲಿಂದ ಬಂತು ಅಂತ ಹೇಳೋದು ಅದ್ರ ಜೊತೆ ಇರೋ ಎರಡು ಮೈಕ್ರಾನ್‌ಗಿಂತ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣ ಜೇಡಿ, ಅದಕ್ಕೇ ನನಗೆ ಈ ಕೆಲಸ ಇಷ್ಟ.

ಮೊದಲ ವಾರ ನಾನು ಸ್ಯಾಂಪಲ್‌ನ ಸರಿ ತೊಳೀದೇ ನೀರಿನ ಜಾರ್‌ಗೆ ಹಾಕ್ದೆ. ಎರಡು ಮೈಕ್ರಾನ್ ಕಣ ಹತ್ತು ಸೆಂಟಿಮೀಟರ್ ಇಳಿಯೋಕೆ ಸುಮಾರು ಎಂಟು ಗಂಟೆ ಬೇಕು, ನಂದು ಹದಿನೈದೇ ನಿಮಿಷಕ್ಕೆ ಉಂಡೆಯುಂಡೆ ಆಗಿ ತಳ ಸೇರಿತ್ತು, ಮೇಲೆ ತಿಳಿನೀರು. ಉಪ್ಪಿದ್ರೆ ಜೇಡಿಕಣ ಒಂದಕ್ಕೊಂದು ಅಂಟತ್ತೆ. ಹೊಳೆ ಸಮುದ್ರ ಸೇರೋ ಕಡೆ ಕೆಸರು ಕೂರೋಕೆ ಇದೂ ಒಂದು ಕಾರಣ, ನಮ್ಮ ಅಘನಾಶಿನಿ ಅಳಿವೆಲೂ ಅಷ್ಟೇ. ಆಮೇಲಿಂದ ಡಿಸ್ಟಿಲ್ಡ್ ವಾಟರಲ್ಲಿ ತೊಳೆಯೋದು, ತೊಳೆದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಡೋದು, ಹಾಲಿನ ಹಾಗೆ ಬೆಳ್ಳಗಾದ್ರೆ ಉಪ್ಪು ಇನ್ನೂ ಇದೆ ಅಂತ, ಮತ್ತೆ ತೊಳೆಯೋದು. ಅದು ತಿಳಿಯಾದ್ಮೇಲೂ ಕೆಲವು ಸ್ಯಾಂಪಲ್ ಬಿಡಲ್ಲ, ಜಿಪ್ಸಂ ಇನ್ನೂ ನಿಧಾನ ಕರಗ್ತಾ ಕ್ಯಾಲ್ಸಿಯಂ ಬಿಡ್ತಾ ಇರತ್ತೆ, ಜೇಡಿ ಮತ್ತೆ ಕೂತ್ಬಿಡತ್ತೆ, ಅಂಥದಕ್ಕೆ ಮೂರು-ನಾಲ್ಕು ದಿನ ಬೇಕು. ಬೇಗ ಮುಗಿಸ್ಬೇಕು ಅಂತ ಜೋರು ಆಸಿಡ್ ಹಾಕಿದ್ರೆ ಕಾಪಾಡ್ಬೇಕಾದ ಖನಿಜಾನೇ ಹಾಳಾಗತ್ತೆ.

ಆಮೇಲೆ ಗಾಜಿನ ಸ್ಲೈಡ್ ಮೇಲೆ ಒಣಗ್ಸಿ ಎಕ್ಸ್‌ರೇ ಮೆಷಿನ್‌ಗೆ ಇಡ್ತೀವಿ. ಜೇಡಿ ಯಾವ ಜಾತಿದು ಅಂತ ಅದ್ರ ಪದರಗಳ ಅಂತರ ಹೇಳತ್ತೆ. ಇಲೈಟ್ ಅನ್ನೋ ಜೇಡಿದು 10 ಆಂಗ್‌ಸ್ಟ್ರಾಮ್ (ಆಂಗ್‌ಸ್ಟ್ರಾಮ್ ಅಂದ್ರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ಹತ್ರ ಕಾಣತ್ತೆ, ಸ್ಮೆಕ್ಟೈಟ್ ಅನ್ನೋದು ಗ್ಲೈಕಾಲ್ ಅನ್ನೋ ದ್ರವ ಕುಡಿದು 17ಕ್ಕೆ ಉಬ್ಬತ್ತೆ. ರಣ್‌ನ ಮಣ್ಣಲ್ಲಿ ಇಲೈಟು, ಕ್ಲೋರೈಟು ಅನ್ನೋ ಇನ್ನೊಂದು ಜೇಡಿ ಸಿಂಧೂ ನದಿ ಹಿಮಾಲಯದಿಂದ ಹೊತ್ತು ತಂದಿದ್ದು, ಸ್ಮೆಕ್ಟೈಟ್ ನಮ್ ಬಯಲುಸೀಮೆ ಎರೆಮಣ್ಣಿನ ಬಳಗ, ಕಪ್ಪು ಬಸಾಲ್ಟ್ ಸವೆದು ಬಂದಿದ್ದು. ರಣ್‌ನ ಉತ್ತರಕ್ಕೆ 1819ರ ಭೂಕಂಪದಲ್ಲಿ ಅಲ್ಲಾ ಬಂಡ್ ಅನ್ನೋ ದಿಣ್ಣೆ ಎದ್ದು ಸಿಂಧೂವಿನ ಒಂದು ಕವಲಿಗೇ ಅಡ್ಡ ನಿಂತಿತ್ತು, ಈಗ ಆ ಬಯಲಲ್ಲಿ ನದಿ ಕಾಣಲ್ಲ, ಆದ್ರೆ ನದಿ ತಂದ ಮಣ್ಣು ನನ್ನ ಸ್ಲೈಡ್ ಮೇಲಿದೆ, ಮೊದಲ ಸಲ ನೋಡ್ದಾಗ ರೋಮಾಂಚನ ಆಗಿತ್ತು. ಗಲ್ಫ್ ಸಬ್ಖಾಗಳಲ್ಲಾದ್ರೆ ಪ್ಯಾಲಿಗೋರ್ಸ್ಕೈಟ್ ಅಂತ ನಾರುನಾರಾದ, ಮೆಗ್ನೀಷಿಯಂ ತುಂಬಿದ ಜೇಡಿ ಸಿಗತ್ತೆ, ಎಷ್ಟೋ ಸಲ ಗಾಳಿ ಧೂಳಲ್ಲೇ ಬಂದು ಬಿದ್ದಿರತ್ತೆ. ಅದು ಒಣ ಸೀಮೆ ಖನಿಜ, ನಮ್ಮ ಕಡೆ ಮಳೆ ಮೆಗ್ನೀಷಿಯಂನೆಲ್ಲ ತೊಳ್ದು ಕಯೋಲಿನೈಟ್ ಅನ್ನೋ ಜೇಡಿ ಉಳಿಸತ್ತೆ, ಚಿರೆಕಲ್ಲಿನ ಮಣ್ಣಲ್ಲಿ ಇರೋದು ಅದೇ.

ಇದನ್ನೆಲ್ಲ ಹೇಳಿದ್ಮೇಲೆ ಆಯಿ ಸ್ವಲ್ಪ ಹೊತ್ತು ಸುಮ್ನಿದ್ದು, ಮಾವಿನ ಮಿಡಿ ಹಾಕೂಕೆ ತಂದ ಸಾಣಿಕಟ್ಟೆ ಉಪ್ಪಿನ ಚೀಲದ ತಳದಲ್ಲಿ ಕೆಂಪು ಕೆಸರು ಉಳ್ದದೆ, ಬೇಕನಾ ಅಂದ್ಲು. ಬೇಕು ಅಂದೆ. ಶನಿವಾರ ಕುಮಟಾದಿಂದ ಬರೋ ದೋಸ್ತನ ಕೈಲಿ ಹಾರ್ಲಿಕ್ಸ್ ಬಾಟ್ಲಿಲಿ ಬರ್ತಾ ಇದೆ.